ಟಕ್, ಆಮೇಲೆ ಗುಂಯ್

“ಅಪ್ಪ ಬೇಡ! ಗುಂಯ್ ಬೇಕು!”

ಎರಡೂವರೆ ವರ್ಷದ ಚಿನಕುರಳಿ ಹಾಸಿಗೆಯ ಮೇಲೆ ನಿಂತು, ದಿಂಬನ್ನು ಒದ್ದು, ಬೀದಿಗೆಲ್ಲ ಕೇಳುವ ಹಾಗೆ ಅಳುತ್ತಿದ್ದಳು. ಅಪ್ಪ ಎತ್ತಿಕೊಂಡು ತಿರುಗಾಡಿದ್ದಾಯಿತು, ಹಾಡಿದ್ದಾಯಿತು, ಮಿಕ್ಸಿ ಓಡಿಸಿದ್ದಾಯಿತು. ಕೊನೆಗೆ ಕಿವಿಯ ಹತ್ತಿರ ಬಾಯಿಟ್ಟು ತಾನೇ “ಗುಂಯ್” ಎಂದದ್ದೂ ಆಯಿತು.

“ಥೂ, ಸುಮ್ನಿರೋ. ಕೂಸು ಹೆದರ್ಕೊಂಡು ಇನ್ನೂ ಅಳುತ್ತೆ,” ಎಂದರು ಅಜ್ಜಿ, ಅಂದರೆ ಅವನ ತಾಯಿ, ಬಟ್ಟೆ ಮಡಿಸುತ್ತಾ.

ತಪ್ಪು ಯಾರದೆಂದು ಹುಡುಕಿದರೆ ಮಳೆಯದೆನ್ನಬೇಕು. ಮಗುವಿನ ಅಮ್ಮನಿಗೆ ಬೇಕರಿಯಲ್ಲಿ ಕೆಲಸ. ಊರು ಏಳುವ ಮೊದಲೇ ಹೋಗಿ ಹಿಟ್ಟು ನಾದಿ, ಒಲೆಯ ಮುಂದೆ ಬೆಂದು, ಮಧ್ಯಾಹ್ನ ಮನೆಗೆ ಬರುತ್ತಿದ್ದಳು. ಒಂದೇ ದಿನದಲ್ಲಿ ಮುಗಿಸಬೇಕಾದ ಇನ್ನೂರು ಕಿಲೋಮೀಟರ್ ಸೈಕಲ್ ಸವಾರಿಗೆ ತಯಾರಾಗಲು ಅವಳಿಗೆ ಸಿಗುತ್ತಿದ್ದದ್ದು ಮಗು ಮಲಗುವ ಹೊತ್ತೊಂದೇ. ಸರಿಯಾಗಿ ಆಗಲೇ, ಹೇಳಿ ಕರೆಸಿದ ಹಾಗೆ ಮಳೆ. ಹಾಗಾಗಿ ನಡುಮನೆಯಲ್ಲೇ ಕಬ್ಬಿಣದ ಸ್ಟ್ಯಾಂಡಿಗೆ ಸೈಕಲ್ ಸಿಕ್ಕಿಸಿ ನಿಂತಲ್ಲೇ ತುಳಿಯುತ್ತಿದ್ದಳು. ಬೂಟಿನ ತಳ ಪೆಡಲಿಗೆ ಕಚ್ಚಿಕೊಂಡು ‘ಟಕ್’ ಎನ್ನುವುದು, ಹಿಂದಿನ ಚಕ್ರ ಸ್ಟ್ಯಾಂಡಿನ ಉರುಳೆಗೆ ಉಜ್ಜಿ ‘ಗುಂಯ್’ ಎನ್ನುವುದು, ಮಗು ನಿದ್ದೆಹೋಗುವುದು. ಮಳೆಗಾಲ ಪೂರ್ತಿ ಹೀಗೇ ನಡೆಯಿತು. ಸೈಕಲ್ಲು ಅಮ್ಮನ ಜೊತೆ ಹೊರಟುಹೋದ ದಿನ ಮಗು ಹೇಗೆ ಮಲಗುತ್ತದೆ ಎಂದು ಮನೆಯಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಎಂಥ ಜಾಣರಪ್ಪ!

ಹೋದ ವರ್ಷ ಇದೇ ಸವಾರಿಯಲ್ಲಿ, ಅವಳು ಅರ್ಧ ದಾರಿಯಲ್ಲಿದ್ದಾಗ, ಮಗುವಿಗೆ ಜ್ವರವೆಂದು ಗಂಡನೇ ಫೋನ್ ಮಾಡಿ ಕರೆಸಿಕೊಂಡಿದ್ದ. ಅವಳು ಬರುವಷ್ಟರಲ್ಲಿ ಜ್ವರ ಇಳಿದು ಮಗು ಬಿಸ್ಕತ್ತು ತಿನ್ನುತ್ತಿತ್ತು. ಅವಳು ಬೂಟು ಬಿಚ್ಚಿಟ್ಟು ಅಡುಗೆಗೆ ನಿಂತಳು. ಸೈಕಲ್ಲನ್ನು ಮಾತ್ರ ಬಹಳ ದಿನ ಮುಟ್ಟಲಿಲ್ಲ. ಜಗಳವಾಡಿದ್ದರೇ ಎಷ್ಟೋ ವಾಸಿಯಿತ್ತು.

ಇವತ್ತು ಮತ್ತೆ ಆ ಸವಾರಿಗೆ ಹೊರಡುವಾಗ ಹೇಳಿದ್ದಳು: “ಊಟಕ್ಕೆ ನಿಲ್ಸಿದಾಗ ಫೋನ್ ಮಾಡ್ತೀನಿ. ತುಂಬ ಅತ್ರೆ ಮುಚ್ಚಿಡಬೇಡಿ, ವಾಪಸ್ ಬಂದ್ಬಿಡ್ತೀನಿ.” ಸುಳ್ಳು ಹೇಳಲು ಅವನಿಗೆ ಬರುವುದಿಲ್ಲ. ಕನ್ನಡಕದ ಅಂಗಡಿಯಲ್ಲಿ ಕೂತು ‘ಈ ಫ್ರೇಮು ನಿಮಗೆ ಒಪ್ಪಲ್ಲ ಸಾರ್’ ಎಂದು ಗಿರಾಕಿಗಳನ್ನು ಕಳೆದುಕೊಳ್ಳುವ ಆಸಾಮಿ. ಫೋನ್ ಬರುವುದರೊಳಗೆ ಮಗು ಮಲಗಲೇಬೇಕಿತ್ತು.

“ಸ್ಟ್ಯಾಂಡ್ ಇಲ್ಲೇ ಬಿದ್ದಿದೆ,” ಎಂದರು ಅಜ್ಜಿ. “ನಿನ್ನ ಸೈಕಲ್ಲೂ ಇದೆ. ಇಲ್ದೇ ಇರೋದು ನಿನಗೆ ಬುದ್ಧಿ.”

ಹೆಂಡತಿಯ ಜೊತೆ ತಾನೂ ಹೋಗುತ್ತೇನೆಂದು ಜಂಬದಿಂದ ಕೊಂಡ ಸೈಕಲ್ಲು ಅದು. ಎರಡು ಸಲ ತುಳಿದ ಮೇಲೆ ಒದ್ದೆ ಬಟ್ಟೆ ಒಣಹಾಕಲು ಬಳಕೆಯಾಗುತ್ತಿತ್ತು. ಅವನು ಟವಲು, ಕಾಲುಚೀಲ ಕಿತ್ತೆಸೆದು, ಮಲಗುವ ಕೋಣೆಯ ಬಾಗಿಲ ಮುಂದೆ ಅದನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಪೈಜಾಮ ಮೇಲೆತ್ತಿ ಹತ್ತಿದ.

“ಟಕ್?” ಎಂದಿತು ಮಗು, ಅಳು ನಿಲ್ಲಿಸಿ.

ಅವನದು ಬರಿಗಾಲು. ಅಜ್ಜಿ ತಮ್ಮ ಕನ್ನಡಕದ ಡಬ್ಬಿಯನ್ನು ತೆಗೆದು ‘ಟಕ್’ ಎಂದು ಮುಚ್ಚಿದರು. ಮಗು ಒಪ್ಪಿಕೊಂಡಿತು. ಅವನು ತುಳಿದ. ಚಕ್ರ ‘ಗೊರ್’ ಎಂದಿತು.

“ಅದಲ್ಲ.”

ಜೋರು ಮಾಡಿದ.

“ಅದಲ್ಲ!”

ಹಲ್ಲು ಕಚ್ಚಿ ತುಳಿದಾಗ ‘ಗುಂಯ್’ ಎಂದಿತು. ಮಗು ದಿಂಬು ಎಳೆದುಕೊಂಡು ಮಲಗಿತು. ಅವನು ಸ್ವಲ್ಪ ನಿಧಾನಿಸಿದರೆ ಸಾಕು, ಒಂದು ಕಣ್ಣು ತೆರೆಯುತ್ತಿತ್ತು.

“ನಿನ್ನ ಬೆನ್ನಲ್ಲಿ ಬೆವರು ನೋಡಿ ಎಷ್ಟು ವರ್ಷ ಆಯ್ತೋ!” ಎನ್ನುತ್ತಾ ಅಜ್ಜಿ ಅವನ ಬಾಯಿಗೆ ನೀರಿನ ಲೋಟ ಹಿಡಿದರು.

ಅವನ ತೊಡೆ ಉರಿಯುತ್ತಿತ್ತು. ಬೆಳಗಿನಿಂದ ಒಲೆಯ ಮುಂದೆ ನಿಂತು ಬಂದ ಕಾಲಿನಲ್ಲಿ ಇದನ್ನು ಅವಳು ದಿನಾ ಮಾಡಿದ್ದಳು. ಅವನೋ, ಸಂಜೆ ಅಂಗಡಿಯಿಂದ ಬಂದು, ‘ಎಲ್ಲಿವರೆಗೆ ಹೋಗಿದ್ದೆ, ನಡುಮನೆಯಿಂದ ನಡುಮನೆಗಾ?’ ಎಂದು ಕಿಚಾಯಿಸುತ್ತಿದ್ದ. ಈಗ ನೆನೆದು ನಾಚಿಕೆಯಾಯಿತು. ಅವಳ ಮೇಲೆ ಪ್ರೀತಿ ಉಕ್ಕಿ ಬಂತು. ತೋರಿಸಲು ತುಳಿಯುವುದು ಬಿಟ್ಟು ಬೇರೆ ದಾರಿ ಇರಲಿಲ್ಲ.

ಫೋನ್ ಬಂತು. ಅಜ್ಜಿ ಅದನ್ನು ಅವನ ಕಿವಿಗೆ ಹಿಡಿದರು.

“ರೀ, ಇಲ್ಲಿ ಎದುರುಗಾಳಿ, ಮಳೆ ಬೇರೆ. ಅರ್ಧ ಜನ ಬಿಟ್ಟು ಹೋದ್ರು. ಚಿನಕುರಳಿ ಮಲಗಿದಾಳಾ?”

“ಹಾ... ಹಾ...”

“ಯಾಕೆ ಏದುಸಿರು? ಏನಾಯ್ತು, ಜ್ವರಾನಾ? ನಿಜ ಹೇಳಿ. ಈಗ್ಲೇ ತಿರುಗಿಸ್ತೀನಿ ಸೈಕಲ್ನ!”

ತುಳಿಯುತ್ತಾ ಮಾತಾಡುವಷ್ಟು ಉಸಿರು ಅವನಲ್ಲಿ ಉಳಿದಿರಲಿಲ್ಲ. ನಿಲ್ಲಿಸಿ ಮಾತಾಡೋಣವೆಂದರೆ ಆ ಒಂದು ಕಣ್ಣು ತೆರೆದೇಬಿಟ್ಟಿತು. ಅಜ್ಜಿ ಸ್ಪೀಕರ್ ಹಾಕಿ, ಸೊಂಟ ಹಿಡಿದುಕೊಂಡು ಬಗ್ಗಿ, ಫೋನನ್ನು ಹಿಂದಿನ ಚಕ್ರದ ಪಕ್ಕ ಹಿಡಿದರು.

“ಕೇಳಿಸ್ತೇನಮ್ಮಾ?”

ಆ ಕಡೆ ಮಳೆ ಸುರಿಯುತ್ತಿತ್ತು.

“ಅತ್ತೆ,” ಎಂದಳು ಅವಳು. ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ. “ಒಂದು ಗೇರ್ ಇಳಿಸ್ಕೊಳ್ಳೋಕೆ ಹೇಳಿ ಅವರಿಗೆ. ಮಂಡಿ ಹೋಗುತ್ತೆ.”

ಅವನು ಇಳಿಸಿದ. ಕಾಲು ಹಗುರಾಯಿತು, ಗುಂಯ್ ಕೆಡದ ಹಾಗೆ ಇನ್ನಷ್ಟು ಬೇಗ ತುಳಿದ. ಮಗುವಿನ ಎರಡೂ ಕಣ್ಣು ಮುಚ್ಚಿದ್ದವು. ಫೋನ್ ಇಡಲು ಎಲ್ಲಿ ಒತ್ತಬೇಕೆಂದು ಅಜ್ಜಿ ಹುಡುಕುತ್ತಿದ್ದರು. ಅಷ್ಟರಲ್ಲಿ ಅದರೊಳಗಿಂದ, ಮಳೆಯ ನಡುವೆ, ಸಣ್ಣಗೆ ‘ಟಕ್’ ಎಂದು ಕೇಳಿತು.