ಬೀಳಬಾರದ ಹಲ್ಲು

ಒಂದು ಹಾಲುಹಲ್ಲು ಅಲ್ಲಾಡಿದರೆ ಮನೆ ಅಲ್ಲಾಡುತ್ತದೆಯೇ? ಈ ಮನೆ ಅಲ್ಲಾಡಿತು.

ಹಲ್ಲು ಗುಬ್ಬಿಯದು. ಆರು ತುಂಬಿ ಏಳರಲ್ಲಿರುವ ಹುಡುಗಿ. ಸಂಜೆ ಟಿ.ವಿ.ಯಲ್ಲಿ ಬರುವ ಧಾರಾವಾಹಿಯೊಂದರಲ್ಲಿ ಅವಳದು ಮನೆಮಗಳ ಪಾತ್ರ. ಅವಳು ನಕ್ಕಾಗ ಮೇಲಿನ ಸಾಲಿನ ಎರಡು ಹಲ್ಲು ಅಕ್ಕಿಕಾಳಿನ ಹಾಗೆ ಕಾಣುತ್ತವೆ. ಆ ನಗು ನೋಡುವುದಕ್ಕೇ ಜನ ಟಿ.ವಿ. ಹಾಕುತ್ತಾರಂತೆ. ಈಗ ಆ ಎರಡರಲ್ಲಿ ಒಂದು ಅಲ್ಲಾಡುತ್ತಿತ್ತು.

"ಕಥೇಲಿ ಇನ್ನೂ ಅದೇ ಹುಟ್ಟುಹಬ್ಬದ ಸಂಜೆ ನಡೀತಿದೆ ಅಮ್ಮಾ," ಎಂದು ಧಾರಾವಾಹಿಯ ಮ್ಯಾನೇಜರು ಫೋನಿನಲ್ಲಿ ಹೇಳಿದ. "ಕೇಕ್ ಕೂಡ ಕತ್ತರಿಸಿಲ್ಲ. ಹೋದ ವಾರ ತೆಗೆದ ಸೀನಲ್ಲಿ ಬಾಗಿಲಾಚೆ ಇದ್ದ ಹಲ್ಲು, ಮುಂದಿನ ಸೀನಲ್ಲಿ ಬಾಗಿಲೊಳಗೆ ಬರೋಷ್ಟರಲ್ಲಿ ಇಲ್ಲ ಅಂದ್ರೆ ಜನ ನಗಲ್ವಾ? ಅದು ಬೀಳಬಾರದು. ಹೇಗಾದ್ರೂ ನೋಡ್ಕೊಳ್ಳಿ."

ನೋಡಿಕೊಂಡರು. ಅಂದಿನಿಂದ ಆ ಮನೆಯಲ್ಲಿ ಕಚ್ಚುವ ಪದಾರ್ಥಗಳೆಲ್ಲ ಬಂದ್. ಮೆತ್ತಗೆ ಬೆಂದ ಅನ್ನ, ಹಿಸುಕಿದ ಬಾಳೆಹಣ್ಣು, ಹಾಲಿನಲ್ಲಿ ನೆನೆಸಿದ ಬ್ರೆಡ್ಡು. ಮಗು ಆಸೆಪಡಬಾರದೆಂದು ಉಳಿದವರಿಗೂ ಅದೇ. ಬಾಯಲ್ಲಿ ಒಂದೂ ಹಲ್ಲಿಲ್ಲದ ಅಜ್ಜಿ ಮಾತ್ರ ತಟ್ಟೆ ನೋಡಿ ಬೊಚ್ಚುಬಾಯಿ ಬಿಟ್ಟು ನಕ್ಕಳು. "ಅಂತೂ ಎಲ್ಲಾರೂ ನನ್ನ ದಾರಿಗೆ ಬಂದ್ರಿ!"

ಅಕ್ಕನಿಗೆ ನಗು ಬರಲಿಲ್ಲ. ಅಕ್ಕ ಎಂದರೆ ಗುಬ್ಬಿಯ ಅಕ್ಕ. ಡಿಗ್ರಿಯ ಕೊನೆಯ ವರ್ಷದಲ್ಲಿದ್ದವಳು ಗುಬ್ಬಿಯ ಜೊತೆ ಶೂಟಿಂಗಿಗೆ ಹೋಗಲು ಒಬ್ಬರು ಬೇಕಲ್ಲ ಎಂದು ಕಾಲೇಜು ಬಿಟ್ಟಿದ್ದಳು. ಯಾರೂ ಬಿಡು ಎಂದು ಹೇಳಿರಲಿಲ್ಲ, ಬಿಡುವುದಿಲ್ಲ ಎಂದು ಅವಳೂ ಹೇಳಿರಲಿಲ್ಲ. ಮನೆಯಲ್ಲಿ ಅವಳನ್ನು ಕರೆಯುವುದೇ ಮೌನಗೌರಿ ಎಂದು. ಮೌನಂ ಸಮ್ಮತಿ ಲಕ್ಷಣಂ ಅಂತಾರಲ್ಲ, ಅವಳಿಗೆಂದೇ ಕಟ್ಟಿದ ಗಾದೆ ಅದು.

ಬಿಟ್ಟವಳು ಅವಳೊಬ್ಬಳೇ ಅಲ್ಲ. ಅಮ್ಮ ಬೀದಿಗೆಲ್ಲ ಬಟ್ಟೆ ಹೊಲಿಯುತ್ತಿದ್ದವಳು. ಈಗ ಹೊಲಿಗೆ ಮೆಷಿನ್ನಿನ ಮೇಲೆ ಗುಬ್ಬಿಯ ಫ್ರಾಕುಗಳ ಪೆಟ್ಟಿಗೆ ಕೂತಿದೆ. ಅಪ್ಪ ಬಸ್ ಡ್ರೈವರು. ಹಗಲು ಮಗಳನ್ನು ಸ್ಟುಡಿಯೋಗೆ ಬಿಡಲೆಂದು ರಾತ್ರಿ ಪಾಳಿ ಕೇಳಿ ಹಾಕಿಸಿಕೊಂಡ. ಮನೆಯವರ ಪಾಲಿಗೆ ಈಗ ಅವನು ಮುಸುಕೆಳೆದುಕೊಂಡ ಒಂದು ಗೊರಕೆ. ಕಿಟಕಿಯಿರುವ ಕೋಣೆ ಅಜ್ಜಿಯದಾಗಿತ್ತು. ಅಲ್ಲಿ ಬೆಳಕು ಚೆನ್ನಾಗಿದೆ, ಗುಬ್ಬಿಯ ವಿಡಿಯೋ ಚೆನ್ನಾಗಿ ಬರುತ್ತದೆ ಎಂದು ಅಜ್ಜಿಯ ಹಾಸಿಗೆ ಅಡುಗೆಮನೆಯ ಪಕ್ಕಕ್ಕೆ ಬಂತು.

ಇದನ್ನೆಲ್ಲ ಅಮ್ಮ ಬಂದವರ ಮುಂದೆ ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸುತ್ತಿದ್ದಳು. ಹೆಮ್ಮೆಯಿಂದಲೇ. "ಸುಮ್ನೆ ಬರುತ್ತಾ ಹೆಸರು? ಮನೆ ಮಂದಿಯೆಲ್ಲಾ ಎಷ್ಟು ತ್ಯಾಗ ಮಾಡಿದೀವಿ! ಇವ್ಳಿಗೋಸ್ಕರ!" ಹೇಳುವಾಗ ಅವಳ ಕೈ ಗುಬ್ಬಿಯ ತಲೆಯ ಮೇಲೆ ಇರುತ್ತಿತ್ತು. ಆ ತಲೆ ದಿನದಿನಕ್ಕೆ ಸ್ವಲ್ಪ ತಗ್ಗುತ್ತಿದೆ ಎಂದು ಅಕ್ಕನಿಗೆ ಅನ್ನಿಸುತ್ತಿತ್ತು. ಅನ್ನಿಸಿದ್ದನ್ನು ಅವಳು ಹೇಳುತ್ತಿರಲಿಲ್ಲ.

ಒಂದು ಸಂಜೆ ಎದುರು ಮನೆಯ ಡಬ್ಬಿಂಗ್ ಅತ್ತೆ ಬಂದಳು. ಈ ಅತ್ತೆಗೆ ಮೊಮ್ಮಕ್ಕಳಿದ್ದಾರೆ, ಮಂಡಿನೋವಿದೆ, ಆದರೆ ಗಂಟಲಲ್ಲಿ ಆರು ವರ್ಷದ ಹುಡುಗಿ ಕೂತಿದ್ದಾಳೆ. ಟಿ.ವಿ.ಯಲ್ಲಿ ಗುಬ್ಬಿ ಬಾಯಾಡಿಸಿದರೆ ಕೇಳುವ ದನಿ ಇವಳದು. ಗ್ಯಾಸ್ ಸಿಲಿಂಡರಿಗೆ ಫೋನ್ ಮಾಡಿದರೆ ಆ ಕಡೆಯವರು, "ಮನೇಲಿ ದೊಡ್ಡವ್ರು ಇದ್ರೆ ಕೊಡು ಪುಟ್ಟಾ," ಅನ್ನುತ್ತಾರೆ. ಚಿಕ್ಕಂದಿನಲ್ಲಿ ಅವಳೂ ತೆರೆಯ ಮೇಲೆ ನಟಿಸಿದವಳೇ.

"ಏನೇ ಗುಬ್ಬಿ, ಮಾತೇ ಇಲ್ಲ? ನನ್ನ ದನಿ ನಂಗೇ ವಾಪಸ್ ಕೊಟ್ಬಿಟ್ಯಾ?"

ಗುಬ್ಬಿ ತುಟಿ ಬಿಗಿಹಿಡಿದು ತಲೆಯಾಡಿಸಿದಳು.

"ಮಾತಾಡ್ಬಾರ್ದು ಅಂದಿದೀನಿ," ಎಂದಳು ಅಮ್ಮ. "ನಾಲಿಗೆ ತಾಗಿದ್ರೆ ಹಲ್ಲು ಬಿದ್ದೋಗುತ್ತೆ."

"ಬೀಳೋ ಹಲ್ಲು ಬೀಳ್ಲಿ ಬಿಡಿ."

"ನಿಮ್ಗೇನು, ಹೇಳ್ತೀರಿ. ಕೇಕ್ ಕತ್ತರಿಸೋ ಸೀನ್ ನಾಳೆ ಇದೆ. ಗಾಳಿ ಬಂದಾಗ ತೂರ್ಕೋಬೇಕು ಅತ್ತೆ."

"ತೂರೋವಾಗ ಕಾಳೇ ಹಾರಿಹೋದ್ರೆ?"

ಅಮ್ಮನಿಗೆ ರೇಗಿತು. "ನೀವೂ ಇದೇ ಕೆಲ್ಸದಲ್ಲಿ ಬೆಳೆದವ್ರಲ್ವಾ? ನಿಮ್ಮಮ್ಮ ಕಷ್ಟಪಡ್ಲಿಲ್ವಾ?"

"ಪಟ್ರು ಕಣಮ್ಮ. ದಿನಾ ಹೇಳೋರು ಕೂಡ, ನಿನಗೋಸ್ಕರ, ನಿನಗೋಸ್ಕರ ಅಂತ. ನಂಗೆ ಒಂದ್ಸಲ ಜ್ವರ ಬಂತು. ಹೇಳಿದ್ರೆ ಎಲ್ಲಿ ಅವ್ರ ಕಷ್ಟ ನೀರುಪಾಲಾಗುತ್ತೋ ಅಂತ ಬಾಯಿ ಬಿಡ್ಲಿಲ್ಲ. ಸೆಟ್ಟಲ್ಲೇ ಬಿದ್ದೆ." ಅತ್ತೆ ಬೀಳುವ ಮಾತನ್ನು ಮಗುವಿನ ದನಿಯಲ್ಲೇ ಹೇಳಿಬಿಟ್ಟಳು, ಗೊತ್ತಿಲ್ಲದೆ. ಆಮೇಲೆ ಕೆಮ್ಮಿ ದನಿ ಸರಿಮಾಡಿಕೊಂಡಳು. "ಆಗ ಕೇಳೋರಿರ್ಲಿಲ್ಲ. ಈಗ ಹಾಗಲ್ಲ. ಮಕ್ಳು ದಿನಕ್ಕೆ ಇಷ್ಟೇ ಹೊತ್ತು ಕೆಲ್ಸ ಮಾಡ್ಬೇಕು, ನಡುವೆ ಬಿಡುವು ಕೊಡ್ಬೇಕು, ಸ್ಕೂಲು ತಪ್ಪಬಾರ್ದು ಅಂತೆಲ್ಲ ನಿಯಮ ಇದೆ. ನೀವು ಸಹಿ ಹಾಕೋ ಮುಂಚೆ ಯಾರಾದ್ರೂ ಹೇಳಿದ್ರಾ?"

"ನಾವು ಕೇಳ್ಲಿಲ್ಲ," ಎಂದಳು ಅಮ್ಮ, ಸ್ವಲ್ಪ ಮೆತ್ತಗೆ.

"ಹೋಗ್ಲಿ, ಇವ್ಳನ್ನ ಕೇಳಿದ್ರಾ? ಜನ್ಮವೆಲ್ಲಾ ಮಕ್ಳ ಬಾಯಿಗೆ ನಾನೇ ಮಾತು ಕೊಟ್ಟೆ. ಮಕ್ಳ ಮಾತು ಏನು ಅಂತ ಒಬ್ರೂ ಕೇಳ್ಲಿಲ್ಲ."

ಅಷ್ಟು ಹೊತ್ತು ಗೋಡೆಗೊರಗಿ ನಿಂತಿದ್ದ ಅಕ್ಕ ಮುಂದೆ ಬಂದಳು. ಗುಬ್ಬಿಯ ಕೈಹಿಡಿದು ಬಚ್ಚಲ ಕನ್ನಡಿಯ ಹತ್ತಿರ ಕರೆದೊಯ್ದು, "ಆ ಅನ್ನು," ಎಂದಳು. ಗುಬ್ಬಿ ಅನ್ನಲಿಲ್ಲ. ಅಕ್ಕ ತಾನೇ ಮೊದಲು ಬಾಯಿ ಅಗಲಿಸಿ, ನಾಲಿಗೆ ಚಾಚಿ, ಕೋತಿಯ ಹಾಗೆ ಮುಖ ಮಾಡಿದಳು. ಗುಬ್ಬಿ ತಡೆಯಲಾರದೆ ನಕ್ಕಳು. ನಕ್ಕವಳು ತಕ್ಷಣ ಕೆನ್ನೆ ಹಿಡಿದುಕೊಂಡಳು.

ಒಸಡು ಕೆಂಪಗೆ ಊದಿತ್ತು. ಬೀಳಲು ಹೊರಟ ಹಲ್ಲನ್ನು ಗುಬ್ಬಿ ಬೆರಳಿನಿಂದ ಒಳಕ್ಕೆ ಒತ್ತಿ ಒತ್ತಿ ಅಲ್ಲಿ ಹುಣ್ಣಾಗಿತ್ತು.

"ನೋವಿಲ್ವೇನೇ?"

"ಇದೆ."

"ಮತ್ಯಾಕೆ ಹೇಳ್ಲಿಲ್ಲ?"

ಗುಬ್ಬಿ ಬಾಗಿಲ ಕಡೆ ನೋಡಿದಳು. ಅಲ್ಲಿ ಅಮ್ಮ, ಅಮ್ಮನ ಹಿಂದೆ ಅತ್ತೆ, ಅತ್ತೆಯ ಭುಜದ ಮೇಲಿಂದ ಅಜ್ಜಿ. "ನೀವೆಲ್ಲಾ ಮಾಡಿದೀರಲ್ಲ," ಎಂದಳು ಅಲ್ಲಾಡುವ ಹಲ್ಲಿನಲ್ಲಿ ತೊದಲುತ್ತ. "ನಾನೂ ಚಾಗ ಮಾಡ್ತಿದೀನಿ."

ಒಂದು ಗಳಿಗೆ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಎಲ್ಲರಿಗೂ ಒಟ್ಟಿಗೇ ಆಯಿತು.

ಅಮ್ಮ ಬಿಸಿನೀರು, ಉಪ್ಪು ತಂದು ಗುಬ್ಬಿಗೆ ಬಾಯಿ ಮುಕ್ಕಳಿಸಲು ಕೊಟ್ಟಳು.  ಆದರೆ ಮನಸ್ಸು ಅಷ್ಟು ಬೇಗ ತಿರುಗುತ್ತದೆಯೇ? ಅತ್ತೆ ಹೋದ ಮೇಲೆ ಅವಳೆಂದದ್ದು ಇಷ್ಟು: "ನಾಳೆ ಒಂದಿನ. ಕೇಕ್ ಕತ್ತರಿಸಿಬಿಡ್ಲಿ. ಆಮೇಲೆ ಡಾಕ್ಟ್ರಿಗೆ ತೋರ್ಸೋಣ."

ಮಾರನೆಯ ದಿನ ಸ್ಟುಡಿಯೋದಲ್ಲಿ ದೀಪಗಳ ಕಾವಿಗೆ ಕೇಕಿನ ಕ್ರೀಮು ಜಾರುತ್ತಿತ್ತು. ರಟ್ಟಿನ ಗೋಡೆಗೆ ಹೊಸದಾಗಿ ಬಳಿದ ಬಣ್ಣದ ವಾಸನೆ. ಗುಬ್ಬಿಯನ್ನು ಕನ್ನಡಿಯ ಮುಂದೆ ಎತ್ತರದ ಕುರ್ಚಿಯಲ್ಲಿ ಕೂರಿಸಿದ್ದರು, ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಮ್ಯಾನೇಜರು ಒಂದು ಸಣ್ಣ ಟ್ಯೂಬು ಹಿಡಿದುಕೊಂಡು ಬಂದ. ಮೀಸೆ, ಗಡ್ಡ ಅಂಟಿಸುವ ಅಂಟು.

"ಪಕ್ಕದ ಹಲ್ಲಿಗೆ ಸೇರಿಸಿ ಒಂದು ಚೂರು ಹಚ್ಚಿದ್ರೆ ನಿಲ್ಲುತ್ತೆ," ಎಂದ. "ಸಾಯಂಕಾಲದವರೆಗೆ ಸಾಕು."

"ಬೇಡ."

ಮ್ಯಾನೇಜರು ಆ ಕಡೆ ಈ ಕಡೆ ನೋಡಿದ. ಹೇಳಿದ್ದು ಯಾರೆಂದು ಅವನಿಗೆ ತಿಳಿಯಲಿಲ್ಲ. ಇಷ್ಟು ತಿಂಗಳಲ್ಲಿ ಅಕ್ಕನ ದನಿಯನ್ನು ಅವನು ಕೇಳಿಯೇ ಇರಲಿಲ್ಲ.

"ಬೇಡ ಅಂದೆ," ಎಂದಳು ಅಕ್ಕ. ಕುರ್ಚಿಯ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಅವ್ಳ ಒಸಡು ಊದಿದೆ. ಬೆಳಿಗ್ಗೆಯಿಂದ ದೀಪದ ಕೆಳಗೆ ಕೂತಿದಾಳೆ. ಅಂಟು ಹಾಕೋಕೆ ಅದು ಮೀಸೆ ಅಲ್ಲ, ಹಲ್ಲು."

"ಓಹೋ, ಮೌನಗೌರಿ ಬಾಯಿಬಿಟ್ಟಳಲ್ಲಪ್ಪ!" ಮ್ಯಾನೇಜರು ನಕ್ಕ. ಅವಳನ್ನು ಅಲ್ಲಿಗೇ ಬಿಟ್ಟು ಗುಬ್ಬಿಯ ಮುಂದೆ ಮಂಡಿಯೂರಿ, ಸಕ್ಕರೆಯಂಥ ದನಿಯಲ್ಲಿ ಹೇಳಿದ: "ಪುಟ್ಟಾ, ನೀನು ಜಾಣೆ ಅಲ್ವಾ? ನಿಮ್ಮನೇವ್ರು ನಿನಗೋಸ್ಕರ ಎಷ್ಟು ತ್ಯಾಗ ಮಾಡಿದಾರೆ, ಗೊತ್ತಲ್ಲ? ಬಾಯಿ ತೆಗಿ ನೋಡೋಣ."

ಗುಬ್ಬಿ ತಲೆ ತಗ್ಗಿಸಿದಳು. ಬಾಯಿ ತೆರೆದಳು.

ಹಲ್ಲಿನ ಚಿಂತೆಗೆ ಅಂದು ತಾನೂ ಜೊತೆಗೆ ಬಂದು, ಮೂಲೆಯಲ್ಲಿ ಫ್ರಾಕಿನ ಗುಂಡಿ ಹೊಲಿಯುತ್ತಿದ್ದ ಅಮ್ಮನ ಸೂಜಿ ನಿಂತಿತು. ತನ್ನದೇ ಮಾತು. ನೂರು ಸಲ ತಾನು ಹೇಳಿದ್ದ ಮಾತು. ಇನ್ನೊಬ್ಬರ ಬಾಯಲ್ಲಿ ಅದು ಹೀಗೆ ಕೇಳಿಸುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

"ಬಾಯಿ ಮುಚ್ಚು!"

ಹೇಳಿದ್ದು ಗುಬ್ಬಿಗೋ ಮ್ಯಾನೇಜರಿಗೋ ಯಾರಿಗೂ ಗೊತ್ತಾಗಲಿಲ್ಲ. ಇಬ್ಬರೂ ಮುಚ್ಚಿದರು.

"ಏನಮ್ಮಾ ಇದು? ನೀವೇ ಹೀಗಂದ್ರೆ ಹೇಗೆ?"

"ತ್ಯಾಗ ಮಾಡಿದ್ದು ನಾವು. ಅವ್ಳು ಕೇಳಿರ್ಲಿಲ್ಲ," ಎಂದಳು ಅಮ್ಮ. ಅಷ್ಟು ಹೊತ್ತಿಗೆ ಬಂದು ಮಗಳನ್ನು ಕುರ್ಚಿಯಿಂದ ಇಳಿಸಿಯಾಗಿತ್ತು. "ಅದನ್ನ ಅವ್ಳ ತಲೆ ಮೇಲೆ ಹೊರಿಸಿದ್ದು ನನ್ನ ತಪ್ಪು. ನಾನೇ ಇಳಿಸ್ತೀನಿ. ನೀವು ಆ ಟ್ಯೂಬಿಗೆ ಮುಚ್ಚಳ ಹಾಕಿ."

"ನೋಡಿ, ಬೇಜಾರು ಮಾಡ್ಕೋಬೇಡಿ, ನಾಳೆನೇ ಬೇರೆ ಮಗು ಕರ್ಕೊಂಡ್ಬರ್ತೀವಿ. ಸಾಲು ನಿಂತಿದಾರೆ ಹೊರಗೆ."

"ಕರ್ಕೊಂಡ್ಬನ್ನಿ," ಎಂದಳು ಅಮ್ಮ. "ಆ ಮಗುವಿಗೂ ಹಲ್ಲು ಬೀಳುತ್ತೆ."

ಗೇಟಿನಾಚೆ ಸುಟ್ಟ ಜೋಳದ ತೆನೆ ಮಾರುವ ಗಾಡಿ ನಿಂತಿತ್ತು. ಎಷ್ಟೋ ದಿನಗಳಿಂದ ಗುಬ್ಬಿ ಅಪ್ಪನ ಜೊತೆ ಬಾಡಿಗೆ ಕಾರಿನ ಗಾಜಿನೊಳಗಿಂದ ನೋಡಿ ನೋಡಿ ದಾಟಿದ ಗಾಡಿ. ಅಕ್ಕ ಮೂರು ತೆನೆ ಕೊಂಡಳು. ಕಾಂಪೌಂಡಿನ ಕಟ್ಟೆಯ ಮೇಲೆ ಮೂವರೂ ಕೂತರು. ಮುಖದ ಬಣ್ಣ ಒರೆಸಿರಲಿಲ್ಲ, ಹೋಗಿ ಬರುವವರೆಲ್ಲ ನೋಡುತ್ತಿದ್ದರು. ನೋಡಲಿ.

"ಗುಬ್ಬಿ," ಎಂದಳು ಅಮ್ಮ, "ನಿಂಗೆ ಆಕ್ಟಿಂಗ್ ಮಾಡೋದು ಇಷ್ಟಾನಾ? ನಿಜ ಹೇಳು, ನಾವ್ಯಾರೂ ಏನೂ ಅನ್ನಲ್ಲ."

ಗುಬ್ಬಿ ಯೋಚಿಸಿದಳು. ಈ ಪ್ರಶ್ನೆ ಅವಳಿಗೆ ಹೊಸದು. "ಇಷ್ಟ. ಆದ್ರೆ ಹಲ್ಲೂ ಬೀಳ್ಬೇಕು."

ಹೇಳಿ ತೆನೆ ಕಚ್ಚಿದಳು. ಕಟಕ್ ಎಂದಿತು. ಬಾಯಿಂದ ತೆಗೆದರೆ ಹಳದಿ ಕಾಳುಗಳ ಸಾಲಿನಲ್ಲಿ ಒಂದು ಬಿಳಿಯ ಕಾಳು ಸಿಕ್ಕಿಕೊಂಡಿತ್ತು. ತುಟಿಯ ಮೇಲೆ ಒಂದು ಹನಿ ರಕ್ತ. ಅಕ್ಕನಿಗೆ ಗಾಬರಿ, ಅಮ್ಮನಿಗೆ ಅಳು. ಗುಬ್ಬಿಗೆ ಮಾತ್ರ ನಗು. ಕ್ಯಾಮೆರಾ ಇಲ್ಲದ ಕಡೆ, ಕಿಟಕಿ ತೆರೆದಂಥ ಬಾಯಲ್ಲಿ, ಬೀದಿಗೆಲ್ಲ ಕೇಳುವ ಹಾಗೆ ನಕ್ಕಳು. ಆ ದನಿ ಡಬ್ಬಿಂಗ್ ಅತ್ತೆಯದಾಗಿರಲಿಲ್ಲ.

ಮನೆಗೆ ಬಂದಾಗ ಅಜ್ಜಿ ಆ ಹಲ್ಲನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ನೋಡಿದಳು. "ಮುತ್ತು ಒಡೆದ್ರೆ ಹೋಯ್ತು. ಹಾಲುಹಲ್ಲು ಬಿದ್ರೆ ಬಂತು. ಇಷ್ಟಕ್ಕೆ ನನ್ನ ಅಡುಗೆಮನೆ ಪಕ್ಕ ಮಲಗಿಸಿದ್ರಾ?" ಸಂಜೆಯೊಳಗೆ ಅವಳ ಹಾಸಿಗೆ ಕಿಟಕಿಯ ಕೋಣೆಗೆ ಹೋಯಿತು. ಹಲ್ಲಿನ ಡಾಕ್ಟರು ಒಸಡಿಗೆ ಔಷಧಿ ಕೊಟ್ಟರು, ಇನ್ನು ಬೆರಳು ಹಾಕಬಾರದೆಂದರು. ಅಕ್ಕ ಕಾಲೇಜಿಗೆ ಹೋಗಿ, ಮತ್ತೆ ಸೇರಿಸಿಕೊಳ್ಳಿ ಎಂದು ಬಾಯಿಬಿಟ್ಟು ಕೇಳಿದಳು. ಒಂದು ಸಲ ಬಿಟ್ಟ ಬಾಯಿ, ಎರಡನೆಯ ಸಲ ಅಷ್ಟು ಕಷ್ಟವಾಗಲಿಲ್ಲ.

ಪಾತ್ರವೇನೋ ಹೋಯಿತು. ಧಾರಾವಾಹಿಯಲ್ಲಿ ಕೇಕ್ ಕತ್ತರಿಸಿದ್ದು ಬೇರೊಬ್ಬ ಹುಡುಗಿ. ಬೀದಿಯಲ್ಲಿ ಕೆಲವರು, "ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ," ಎಂದು ಲೊಚಗುಟ್ಟಿದರು. ಅಮ್ಮ ಮೆಷಿನ್ನಿನ ಮೇಲಿನ ಪೆಟ್ಟಿಗೆ ಇಳಿಸುತ್ತ, "ಬಾಯಿ ಚೆನ್ನಾಗಿದ್ರೆ ತುತ್ತು ಬರುತ್ತೆ ಬಿಡಿ," ಎಂದಳು.

ಒಂದು ಸಂಜೆ ಎಲ್ಲರೂ ಕೂತು ಅದೇ ಧಾರಾವಾಹಿ ನೋಡುತ್ತಿದ್ದರು. ಹೊಸ ಹುಡುಗಿ ನಗುತ್ತಿದ್ದಳು. ಗುಬ್ಬಿ ಟಿ.ವಿ.ಯ ಹತ್ತಿರ ಹೋಗಿ ಮೂಗು ತಾಗುವಷ್ಟು ಬಗ್ಗಿ ನೋಡಿದಳು.

"ಅಕ್ಕಾ, ಅವಳು ನಾಲಿಗೇಲಿ ಹಲ್ಲು ಒತ್ಕೊಂಡಿದಾಳೆ. ಅವಳದ್ದೂ ಅಲ್ಲಾಡ್ತಿದೆ."

ಯಾರಿಗೂ ಕಾಣಿಸಲಿಲ್ಲ. ಗುಬ್ಬಿಗೆ ಕಾಣಿಸಿತ್ತು.

ಅಮ್ಮ ಚಪ್ಪಲಿ ಮೆಟ್ಟಿಕೊಂಡಳು. "ಅತ್ತೆಗೆ ಆ ಮಗು ಮನೆ ಗೊತ್ತಿರುತ್ತೆ. ಅದರಮ್ಮನಿಗೆ ಯಾರಾದ್ರೂ ಹೇಳ್ಬೇಕಲ್ಲ."

"ಏನಂತ ಹೇಳ್ತೀಯ?" ಎಂದಳು ಅಕ್ಕ.

"ನಿನ್ನ ತ್ಯಾಗ ನಿನ್ನ ಹತ್ರಾನೇ ಇಟ್ಕೋ, ಮಗು ಬಾಯಿ ತೆಗ್ಸಿ ಒಸಡು ನೋಡು ಅಂತೀನಿ. ನೀನೂ ಬಾ. ಮಾತಾಡೋಕೆ ನೀನಿದ್ರೆ ನಂಗೆ ಧೈರ್ಯ."

ಓದುತ್ತಿರುವ ತಾಯಂದಿರೇ, ತಂದೆಯರೇ, ಅಕ್ಕ ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಒಂದು ಗುಬ್ಬಿ ಇರಬಹುದು. ಹಾಡುವ, ಕುಣಿಯುವ, ನಟಿಸುವ ಗುಬ್ಬಿ. ಹಾಡಲಿ, ನಟಿಸಲಿ, ಅದರಲ್ಲಿ ತಪ್ಪಿಲ್ಲ. ಆದರೆ ಸಹಿ ಹಾಕುವ ಮೊದಲು ಕೇಳಿ: ಎಷ್ಟು ಹೊತ್ತಿನ ಕೆಲಸ, ಬಿಡುವು ಯಾವಾಗ, ಶಾಲೆಯ ಗತಿಯೇನು, ಮಗುವಿನ ದುಡಿಮೆಯಲ್ಲಿ ಮಗುವಿನ ಹೆಸರಿಗೆ ಉಳಿಯುವುದೆಷ್ಟು? ಮಕ್ಕಳ ದುಡಿಮೆಗೆ ನಿಯಮಗಳಿವೆ. ನಿಮ್ಮ ಜಿಲ್ಲೆಯ ಮಕ್ಕಳ ರಕ್ಷಣಾ ಕಚೇರಿಯಲ್ಲಿ ವಿಚಾರಿಸಿ. ಕೇಳಿದರೆ ಅವಕಾಶ ತಪ್ಪುತ್ತದೆ ಎಂದು ಹೆದರಿಸಿದರೆ, ತಪ್ಪಲಿ ಎನ್ನಿ. ನೀವು ಬಿಟ್ಟುಕೊಟ್ಟದ್ದನ್ನೆಲ್ಲ ಮಗುವಿನ ಎದುರು ಎಣಿಸಬೇಡಿ, ಅದು ಎಣಿಕೆಯನ್ನು ಕಲಿಯುವ ವಯಸ್ಸು. ಮತ್ತು ಇವತ್ತೇ, ಈ ಕಥೆ ಓದಿ ಕೆಳಗಿಟ್ಟ ಕೂಡಲೇ, ಮಗುವನ್ನು ಹತ್ತಿರ ಕೂರಿಸಿಕೊಂಡು ಕೇಳಿ: ನಿನಗೆ ಇಷ್ಟವೇ? ನೋವಿದೆಯೇ?

ಉತ್ತರ ಬರುವ ತನಕ ಕಾಯಿರಿ. ಬೇಡ ಎಂದರೆ, ನೀವೂ ಅದರ ಜೊತೆ ನಿಂತು ಗಟ್ಟಿಯಾಗಿ ಹೇಳಿ: ಬೇಡ.