ಇಪ್ಪತ್ತೆರಡರ ಚುಕ್ಕೆ

ಗುಬ್ಬಿ ಒರೆಸಿದ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಬೋರಲು ಹಾಕಿ, ಇನ್ನೊಂದಕ್ಕೆ ಕೈ ಚಾಚಿದಳು. ಪಕ್ಕದಲ್ಲಿ ತೀರಿಕೊಂಡವರ ಮಗಳು ನಲ್ಲಿಯನ್ನು ಸಣ್ಣಗೆ ಬಿಟ್ಟು ಲೋಟಗಳನ್ನು ತೊಳೆಯುತ್ತಿದ್ದಳು. ತೊಳೆದ ಗಾಜನ್ನು ಬೆಳಕಿಗೆ ಹಿಡಿದೇ ನೋಡಬೇಕೆಂದು ಗುಬ್ಬಿಗೆ ಕಲಿಸಿದವರು ಮುಂದಿನ ಕೋಣೆಯಲ್ಲಿ ಬಿಳಿ ಹೊದಿಕೆಯ ಕೆಳಗೆ ಮಲಗಿದ್ದರು. ಗಾಡಿ ಹನ್ನೊಂದಕ್ಕೆ ಬರುವುದಿತ್ತು.

ಬಂದವರಿಗೆ ಚಹಾ ಕೊಡುವ ಕೆಲಸವನ್ನು ಪಕ್ಕದ ಮನೆಯ ಹೊಲಿಗೆಯಾಕೆ ವಹಿಸಿಕೊಂಡಿದ್ದಳು. ಖಾಲಿ ಲೋಟಗಳ ತಟ್ಟೆ ಹಿಡಿದು ಒಳಗೆ ಬಂದವಳು ಗುಬ್ಬಿಯನ್ನು ಮೇಲಿಂದ ಕೆಳಗೆ ನೋಡಿ, ಇವರು ಯಾರ ಕಡೆಯವರು ಎಂದು ಮಗಳನ್ನು ಕೇಳಿದಳು. ಅಮ್ಮನ ಲ್ಯಾಬ್‌ನವರು ಎಂದಳು ಮಗಳು.

ಹೊಲಿಗೆಯಾಕೆಯ ಮುಖ ಸಡಿಲವಾಯಿತು. ಲ್ಯಾಬಿನ ಸುದ್ದಿ ಕೇಳಿ ಕೇಳಿ ತನ್ನ ಕಿವಿ ತೂತು ಬಿದ್ದಿದೆ ಎಂದಳು.

"ನಿಮ್ಮಲ್ಲಿ ಎಲ್ಲರಿಗಿಂತ ಒಳ್ಳೆ ರಕ್ತ ಇವಳಮ್ಮನದ್ದೇ ಅಂತಲ್ಲ? ನನ್ನ ಮಿಷನ್ ಮುಂದೆ ಕೂತ್ಕೊಂಡು ದಿನಾ ಅದೇ ಹೇಳೋರು. ಹಾಗಿದ್ರೆ ಬಾಟ್ಲಿಗೆ ತುಂಬಿ ಮಾರಿಬಿಡಿ, ಇಬ್ರೂ ಆರಾಮಾಗಿರೋಣ ಅಂತಿದ್ದೆ ನಾನು."

ಮಗಳು ನಕ್ಕಳು. ನಗು ಅರ್ಧಕ್ಕೇ ನಿಂತಿತು. ನಲ್ಲಿ ನಿಲ್ಲಿಸಿ, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಅವಳು ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವ ಕಿಟಕಿಯೊಳಗೆ ಕೂರುವವಳು. ಎದುರಿನವರ ಮುಖ ನೋಡದೆ ಮಾತಾಡುವ ಅಭ್ಯಾಸ ಅವಳಿಗಿತ್ತು.

"ವರ್ಷದಿಂದ ಬಡ್ಕೊಂಡೆ ಇವರೆ, ಒಂದ್ಸಲ ಡಾಕ್ಟರಿಗೆ ತೋರಿಸಮ್ಮ, ಬೆಳ್ಳಗಾಗ್ತಿದ್ದೀಯ ಅಂತ. ಅದಕ್ಕೆ ಅಮ್ಮ ಏನನ್ನೋರು ಗೊತ್ತಾ? ಪ್ರತಿ ಸೋಮವಾರ ಲ್ಯಾಬ್‌ನಲ್ಲಿ ನನ್ನ ರಕ್ತ ನೋಡ್ತಾರೆ, ಏನಾದ್ರೂ ಇದ್ದಿದ್ರೆ ಆ ಮಕ್ಕಳು ಹೇಳ್ತಿರಲಿಲ್ವಾ ಅಂತ."

ಗುಬ್ಬಿಯ ಕೈಯಲ್ಲಿದ್ದ ಲೋಟ ಒಣಗಿತ್ತು. ಅವಳು ಅದನ್ನೇ ಒರೆಸುತ್ತಿದ್ದಳು.

* * *

ಲ್ಯಾಬ್ ಇದ್ದದ್ದು ಹಳೆಯ ಗೋದಾಮೊಂದರ ಮೂರನೆಯ ಮಹಡಿಯಲ್ಲಿ. ಅಲ್ಲಿ ತಯಾರಾಗುತ್ತಿದ್ದದ್ದು ಕಿರುಬೆರಳಿನ ಉಗುರಿನಷ್ಟು ಅಗಲದ ಪಟ್ಟಿ. ತುದಿಗೆ ರಕ್ತದ ಹನಿ ತಾಗಿಸಿದರೆ, ಪಟ್ಟಿಯ ಮೇಲೆ ಒಣಗಿಸಿಟ್ಟ ಕಿಣ್ವವು ರಕ್ತದ ಸಕ್ಕರೆಯೊಡನೆ ಸೇರಿ ತುಸು ವಿದ್ಯುತ್ತು ಹುಟ್ಟಿಸುತ್ತದೆ. ಅಂಗೈಯಲ್ಲಿ ಹಿಡಿಯುವ ಯಂತ್ರ ಅದನ್ನು ಅಳೆದು ಸಕ್ಕರೆ ಇಷ್ಟೆಂದು ಹೇಳುತ್ತದೆ. ಅಂಥವು ಅಂಗಡಿಯಲ್ಲೂ ಸಿಗುತ್ತವೆ. ಆದರೆ ರಕ್ತ ತೆಳುವಾಗಿರುವವರಲ್ಲಿ ಅವು ಸಕ್ಕರೆಯನ್ನು ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತವೆ. ರಕ್ತ ದಪ್ಪವಿರಲಿ ತೆಳುವಿರಲಿ, ತಮ್ಮ ಪಟ್ಟಿ ನಿಜವನ್ನೇ ಹೇಳಬೇಕೆಂಬುದು ಮುಖ್ಯಸ್ಥರ ಹಟ. ಬಿಂದುವಿನ ಮುಂದೆ ಎರಡು ಸ್ಥಾನ ಇಲ್ಲದ ಅಂಕಿಯನ್ನು ಅವರು ಅಂಕಿಯೆಂದೇ ಒಪ್ಪುತ್ತಿರಲಿಲ್ಲ. ಹಾಗಾಗಿ ಎದುರಿಗೆ ಸರ್, ಬೆನ್ನ ಹಿಂದೆ ದಶಮಾಂಶ.

ಈಗ ತೀರಿಕೊಂಡವರು, ಲ್ಯಾಬಿಗೆಲ್ಲ ಅಕ್ಕ, ಗಾಜಿನ ಸಾಮಾನು ತೊಳೆಯಲು ಸೇರಿದವರು. ಒಂದು ದಿನ ಕಿಣ್ವ ಹಾಕುವ ಹುಡುಗ ರಜೆ ಹಾಕಿದಾಗ, ಕೂದಲೆಳೆಯಂಥ ಜಾಗಕ್ಕೆ ಅವರೇ ಹನಿ ಬಿಟ್ಟು ತೋರಿಸಿದರು. ಮುನ್ನೂರು ಪಟ್ಟಿಗಳಲ್ಲಿ ಒಂದೂ ಕೆಡಲಿಲ್ಲ. ಆಮೇಲೆ ಆ ಕುರ್ಚಿ ಅವರದ್ದೇ ಆಯಿತು, ಹೆಸರು ಹನಿಯಕ್ಕ ಎಂದಾಯಿತು. ಗುಬ್ಬಿ ಎಂಬ ಹೆಸರು ಕೊಟ್ಟವರೂ ಅವರೇ. ಗುಬ್ಬಿಯಾದರೂ ಚಿಲಿಪಿಲಿ ಅನ್ನುತ್ತೆ ಕಣೆ, ನೀನು ಅದೂ ಇಲ್ಲ ಎಂದು ರೇಗಿಸುತ್ತಿದ್ದರು.

ಪ್ರತಿ ಸೋಮವಾರ ಹೊಸ ಕಂತೆಯ ಪಟ್ಟಿಗಳಿಗೆ ಯಾರದಾದರೂ ರಕ್ತ ಬೇಕು. ಸೂಜಿ ಕಂಡೊಡನೆ ಇಂಜಿನಿಯರುಗಳಿಗೆಲ್ಲ ಫೋನ್ ಬರುತ್ತಿತ್ತು. ಹನಿಯಕ್ಕ ಮಾತ್ರ ಕೈಗವಸು ಕಳಚಿ ಬಂದು ಕೂರುತ್ತಿದ್ದರು. ನಾನು ಹಾಕಿದ ಹನಿ ನನ್ನ ಹನಿಯನ್ನ ಗುರುತು ಹಿಡಿಯುತ್ತಾ ನೋಡೋಣ ಎನ್ನುತ್ತಿದ್ದರು. ರಕ್ತ ಕೊಟ್ಟವರಿಗೆ ಅಂಕಿ ಹೇಳಬಾರದೆಂಬುದು ಲ್ಯಾಬಿನ ನಿಯಮ. ಗೋಡೆಯ ಮೇಲೆ ಅಂಟಿಸಿತ್ತು. ಇನ್ನೂ ತಯಾರಾಗದ ಯಂತ್ರ ತಪ್ಪು ಹೇಳಬಹುದು, ಕೇಳಿದವರು ಸುಮ್ಮನೆ ಗಾಬರಿಯಾಗಬಹುದು. ನಿಯಮದಲ್ಲಿ ತಪ್ಪೇನೂ ಇರಲಿಲ್ಲ.

ಆದರೆ ಪಟ್ಟಿಯ ಜೊತೆಗೆ ಗುಬ್ಬಿ ಇನ್ನೊಂದನ್ನೂ ನೋಡುತ್ತಿದ್ದಳು. ಗಾಜಿನ ಸಪೂರ ನಳಿಗೆಯೊಂದಕ್ಕೆ ರಕ್ತ ಏರಿಸಿ, ಯಂತ್ರದಲ್ಲಿಟ್ಟು ಗಿರ್ರನೆ ತಿರುಗಿಸುವುದು. ಕೆಂಪು ಕೆಳಗೆ ಕೂರುತ್ತದೆ, ತಿಳಿಹಳದಿ ನೀರು ಮೇಲೆ ನಿಲ್ಲುತ್ತದೆ. ನೂರರಲ್ಲಿ ಕೆಂಪು ಎಷ್ಟೆಂದು ಅಳೆಗೋಲಿಟ್ಟು ಓದಬೇಕು. ಕೆಂಪು ಕಡಿಮೆಯಾದಷ್ಟೂ ರಕ್ತ ತೆಳು. ಇದು ಅಜ್ಜನ ಕಾಲದ ವಿಧಾನ. ತಪ್ಪಾಗುವ ಮಾತೇ ಇಲ್ಲ. ಹನಿಯಕ್ಕನ ಮೊದಲ ನಳಿಗೆಯಲ್ಲಿ ಕೆಂಪು ಮೂವತ್ತೊಂಬತ್ತಿತ್ತು. ಆರು ತಿಂಗಳಿಗೆ ಮೂವತ್ತಾರು. ಅದು ಮೂವತ್ತಮೂರಕ್ಕೆ ಇಳಿದ ದಿನ ಗುಬ್ಬಿ ಸರ್ ಮುಂದೆ ನಿಂತು ತಡವರಿಸಿದಳು. ಅವರು ಪುಸ್ತಕ ತಿರುವಿ ನೋಡಿ, ಹಿಂದಿನ ಅಂಕಿಗಳನ್ನೆಲ್ಲ ಒಂದು ಸಾಲಿನಲ್ಲಿ ಬರೆದುಕೊಡಲು ಹೇಳಿದರು. ಅವರ ಕಣ್ಣಲ್ಲಿ ಹೊಳಪಿತ್ತು.

* * *

ಅಂಗಳದಲ್ಲಿ ಬಾಡಿಗೆ ಕುರ್ಚಿಗಳು ಗೋಡೆಗೆ ಒತ್ತಿಕೊಂಡಿದ್ದವು. ಸರ್ ಕೊನೆಯ ಕುರ್ಚಿಯಲ್ಲಿ ಕೂತಿದ್ದರು. ಅವರ ಪಕ್ಕದಲ್ಲಿ ತೀರಿಕೊಂಡವರ ಅಣ್ಣ. ರಸ್ತೆಗೆ ಡಾಂಬರು ಹಾಕಿಸುವ ಮೇಸ್ತ್ರಿ, ಪಿಸುಮಾತೇ ಬಾರದವನು. ಗುಬ್ಬಿ ಬಾಗಿಲಲ್ಲಿ ನಿಂತಾಗ ಅವನು ಆಸ್ಪತ್ರೆಯ ಸಂಗತಿ ಹೇಳುತ್ತಿದ್ದ. ಕರುಳಿನಲ್ಲಿ ಗಡ್ಡೆ ಇತ್ತಂತೆ. ಎರಡು ವರ್ಷದಿಂದ ಒಳಗೊಳಗೇ ರಕ್ತ ಸೋರುತ್ತಿತ್ತಂತೆ. ಮೊದಲೇ ಬಂದಿದ್ದರೆ ಒಂದು ಗೇಣು ಕತ್ತರಿಸಿ ಹೊಲಿದು ಮನೆಗೆ ಕಳಿಸುತ್ತಿದ್ದೆವು ಅಂದರಂತೆ ಡಾಕ್ಟರು. ಬಂದ ಮೂರೇ ವಾರಕ್ಕೆ ಮುಗಿಯಿತು.

"ಅಲ್ಲ ಸ್ವಾಮಿ, ನೀವು ರಕ್ತ ನೋಡೋ ಜನ. ನನ್ನ ತಂಗಿ ರಕ್ತ ಕಮ್ಮಿ ಆಗ್ತಿರೋದು ನಿಮ್ಮ ಮಿಷನ್ನಿಗೆ ಕಾಣಲ್ವಾ?"

ಅವನ ದನಿಯಲ್ಲಿ ದೂರು ಇರಲಿಲ್ಲ. ತಿಳಿಯದ್ದನ್ನು ಕೇಳಿ ತಿಳಿದುಕೊಳ್ಳುವವನ ದನಿ ಅದು. ಸುತ್ತಲಿನ ಮೂರು ನಾಲ್ಕು ತಲೆಗಳು ಇತ್ತ ತಿರುಗಿದವು.

ಸರ್ ಕನ್ನಡಕ ತೆಗೆದು ಒರೆಸಿದರು. ಗಾಜು ಸ್ವಚ್ಛವಾಗಿಯೇ ಇತ್ತು.

"ನಾವು ನೋಡೋದು ಸಕ್ಕರೆ ಮಾತ್ರ," ಎಂದರು.

ಸರಿ ಬಿಡಿ, ಅದು ಬೇರೆ ಇದು ಬೇರೆ ಎಂದು ಮೇಸ್ತ್ರಿ ತಲೆಯಾಡಿಸಿದ. ಸರ್ ಕಣ್ಣೆತ್ತಿದಾಗ ಬಾಗಿಲಲ್ಲಿದ್ದ ಗುಬ್ಬಿ ಕಂಡಳು. ಅವರು ಬೇಗ ಬೇರೆ ಕಡೆ ನೋಡಿದರು. ಗುಬ್ಬಿಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ತನ್ನನ್ನು ಕೇಳಿದ್ದರೆ ತಾನೂ ಹಾಗೇ ಹೇಳುತ್ತಿದ್ದೆ ಎಂದು ಹೊಳೆದು ಕಿವಿಯ ತುದಿ ಬಿಸಿಯಾಯಿತು.

* * *

ಸರ್ ಮೇಜಿನ ಮೇಲೆ ದೊಡ್ಡದೊಂದು ನಕ್ಷೆ ಇತ್ತು. ರಕ್ತ ಎಷ್ಟು ತೆಳುವಾದರೆ ಪಟ್ಟಿ ಎಷ್ಟು ಸುಳ್ಳು ಹೇಳುತ್ತದೆ ಎಂಬುದರ ಗೆರೆ ಅದು. ನಲವತ್ತೈದರಲ್ಲಿ ಚುಕ್ಕೆ, ನಲವತ್ತರಲ್ಲಿ ಚುಕ್ಕೆ. ಆಚೆಗೆ ಖಾಲಿ. ತೆಳು ರಕ್ತ ಬೇಕೆಂದರೆ ಆಸ್ಪತ್ರೆಗೆ ಅರ್ಜಿ ಹಾಕಬೇಕು, ಒಪ್ಪಿಗೆಗೆ ಎಂಟು ತಿಂಗಳು ಕಾಯಬೇಕು. ಈಗ ಅದು ತಾನಾಗಿಯೇ ಮೂರು ಮಹಡಿ ಹತ್ತಿ ಬರುತ್ತಿತ್ತು. ಮೂವತ್ತಮೂರರ ಚುಕ್ಕೆ ಬಿತ್ತು. ಇಪ್ಪತ್ತೊಂಬತ್ತರದ್ದು ಬಿತ್ತು. ಇಪ್ಪತ್ತಾರರದ್ದೂ ಬಿತ್ತು. ಗುಬ್ಬಿ ಒಮ್ಮೆ ಧೈರ್ಯ ಮಾಡಿ, ಅಕ್ಕನಿಗೆ ಹೇಳೋಣವೇ ಎಂದು ಕೇಳಿದ್ದಳು. ಸರ್ ಗೋಡೆಯ ಕಾಗದ ತೋರಿಸಿದರು. ಅದು ಹೊಸ ಯಂತ್ರಕ್ಕೆ ಮಾಡಿದ ನಿಯಮ, ನಳಿಗೆಗಲ್ಲ ಎಂಬ ಮಾತು ಗುಬ್ಬಿಯ ನಾಲಿಗೆಯವರೆಗೆ ಬಂದು ಹಿಂದೆ ಹೋಯಿತು. ಇನ್ನೊಂದೆರಡು ಚುಕ್ಕೆ ಆಗಲಿ, ಆಮೇಲೆ ನಾನೇ ಕೂರಿಸಿಕೊಂಡು ಹೇಳುತ್ತೇನೆ ಎಂದರು ಸರ್.

ಆ ಹೊತ್ತಿಗೆ ಹನಿಯಕ್ಕ ಎರಡನೆಯ ಮಹಡಿಯ ತಿರುವಿನಲ್ಲಿ ಚೀಲ ಇಟ್ಟು ಕೂರಲು ಶುರು ಮಾಡಿದ್ದರು. ಯಾರೋ ಬಂದು ಮೆಟ್ಟಿಲು ಜಾಸ್ತಿ ಮಾಡಿ ಹೋಗಿದ್ದಾರೆ ಕಣೆ ಎಂದು ನಗುತ್ತಿದ್ದರು. ತುಟಿ, ಉಗುರು, ಕಣ್ಣಿನ ಒಳಗೆಲ್ಲ ಒಂದೇ ಬಿಳಚು ಬಣ್ಣ.

ನಕ್ಷೆಯ ಕೊನೆಯ ಜಾಗ ಇಪ್ಪತ್ತೆರಡು. ಅಲ್ಲೊಂದು ಚುಕ್ಕೆ ಬಿದ್ದರೆ ಗೆರೆ ಪೂರ್ತಿ, ವರದಿ ಪೂರ್ತಿ. ಐದು ಸೋಮವಾರ ಅಂಕಿ ಇಪ್ಪತ್ತನಾಲ್ಕರ ಆಸುಪಾಸಿನಲ್ಲೇ ನಿಂತಿತು. ಆ ವಾರಗಳಲ್ಲಿ ಗುಬ್ಬಿ ನಳಿಗೆಯನ್ನು ಯಂತ್ರದಿಂದ ತೆಗೆಯುವಾಗ ಉಸಿರು ಹಿಡಿದಿರುತ್ತಿದ್ದಳು. ಇಳಿದಿರಲಿ ಎಂದು ಕಾಯುತ್ತಿದ್ದಳು. ಹಾಗೆ ಕಾಯುತ್ತಿದ್ದೇನೆಂದು ಅವಳು ತನಗೆ ತಾನೇ ಹೇಳಿಕೊಂಡಿರಲಿಲ್ಲ.

ಆರನೆಯ ಸೋಮವಾರ ಅಳೆಗೋಲು ಇಪ್ಪತ್ತೆರಡಕ್ಕೆ ಸರಿಯಾಗಿ ನಿಂತಿತು. ಗುಬ್ಬಿ ಎರಡು ಸಲ ಓದಿದಳು. ಸರ್ ಎಂದು ಕೂಗಿದಳು. ಅವಳು ಅಷ್ಟು ಜೋರಾಗಿ ಕೂಗಿದ್ದನ್ನು ಲ್ಯಾಬ್‌ನಲ್ಲಿ ಯಾರೂ ಕೇಳಿರಲಿಲ್ಲ. ಇಂಜಿನಿಯರುಗಳು ಚಪ್ಪಾಳೆ ತಟ್ಟಿದರು. ಬೆರಳಿಗೆ ಹತ್ತಿ ಒತ್ತಿಕೊಂಡು ಕೂತಿದ್ದ ಹನಿಯಕ್ಕನೂ, ಯಾಕೆಂದು ತಿಳಿಯದಿದ್ದರೂ, ನಗುತ್ತಿದ್ದರು.

"ಚೆನ್ನಾಗಿ ಬಂತೇನೆ?"

"ತುಂಬಾ ಚೆನ್ನಾಗಿ ಬಂತು ಅಕ್ಕ. ನಮಗೆ ಬೇಕಾದ ಹಾಗೇ ಬಂತು."

ಸರ್ ಕೇಕ್ ತರಿಸಿದರು. ಹನಿಯಕ್ಕ ತಮ್ಮ ಪಾಲನ್ನು ಮಗಳಿಗೆಂದು ಕಾಗದದಲ್ಲಿ ಸುತ್ತಿಟ್ಟುಕೊಂಡು, ಎಲ್ಲರ ತಟ್ಟೆ ತೊಳೆದು ಮನೆಗೆ ಹೋದರು. ಹನ್ನೊಂದನೆಯ ದಿನ ಗೋದಾಮಿನ ಮೊದಲ ಮಹಡಿಯ ಮೆಟ್ಟಿಲ ಮೇಲೆ ಬಿದ್ದರು.

* * *

ಗಾಡಿ ಹತ್ತು ನಿಮಿಷ ಮೊದಲೇ ಬಂತು. ಓಣಿ ಕಿರಿದಾದ್ದರಿಂದ ಹಿಂದಕ್ಕೆ ಓಡಿಸಿಕೊಂಡು ಬರಬೇಕಾಯಿತು. ಮೇಸ್ತ್ರಿ ಮುಂದೆ ನಿಂತು ಬಲಕ್ಕೆ, ಇನ್ನೂ ಬಲಕ್ಕೆ ಎಂದು ಕೈ ಬೀಸುತ್ತಿದ್ದ. ಕುರ್ಚಿಗಳಿಂದ ಜನ ಎದ್ದರು. ಸರ್ ಗುಬ್ಬಿಯ ಹತ್ತಿರ ಬಂದು, ಇಲ್ಲಿಂದಲೇ ಹೊರಡೋಣ, ಮೂರು ಗಂಟೆಗೆ ವರದಿ ಕಳಿಸಬೇಕಿದೆ ಎಂದು ಮೆಲ್ಲಗೆ ಹೇಳಿದರು.

ಅವರು ಹೊರಟದ್ದನ್ನು ಕಂಡು ಮಗಳು ಗೇಟಿನ ತನಕ ಬಂದಳು. ಬಂದದ್ದಕ್ಕೆ ಉಪಕಾರವಾಯಿತು ಎಂದಳು. ಆಸ್ಪತ್ರೆಯಲ್ಲೂ ಅಮ್ಮನಿಗೆ ಲ್ಯಾಬಿನದ್ದೇ ಧ್ಯಾನವಿತ್ತು, ಸೋಮವಾರ ಯಾರು ರಕ್ತ ಕೊಡ್ತಾರೋ ಎಂದು ಕೊರಗುತ್ತಿದ್ದರು ಎಂದಳು. ಸರ್ ಕೈ ಮುಗಿದು ಗೇಟು ತೆರೆದರು.

ಗುಬ್ಬಿ ಕದಲಲಿಲ್ಲ.

"ನಮಗೆ ಗೊತ್ತಿತ್ತು," ಎಂದಳು.

ಮಗಳಿಗೆ ಅರ್ಥವಾಗಲಿಲ್ಲ. ಇವತ್ತು ಬೇಡಮ್ಮ ಎಂದರು ಸರ್. ಗುಬ್ಬಿ ಅವರ ಕಡೆ ನೋಡಲಿಲ್ಲ, ಮಗಳ ಕಡೆಯೂ ನೋಡಲಿಲ್ಲ. ಗೇಟಿನ ಚಿಲಕ ನೋಡುತ್ತ ಒಂದೇ ಉಸಿರಿಗೆ ಹೇಳಿದಳು. ರಕ್ತ ಕಮ್ಮಿಯಾಗುತ್ತಿದ್ದದ್ದು ತಮಗೆ ಮೊದಲಿನಿಂದ ಕಾಣುತ್ತಿತ್ತೆಂದು. ಪ್ರತಿ ಸೋಮವಾರ ತಾನೇ ಅಳೆದು ಬರೆಯುತ್ತಿದ್ದೆನೆಂದು. ಅಂಥ ರಕ್ತ ತಮ್ಮ ಕೆಲಸಕ್ಕೆ ಬೇಕಾಗಿತ್ತೆಂದು. ಅಕ್ಕ ಕೇಳಿದಾಗ ಚೆನ್ನಾಗಿದೆ ಎಂದು ಹೇಳಿದವಳು ತಾನೇ ಎಂದು.

ಹಿಂದೆ ಮೇಸ್ತ್ರಿ ಡ್ರೈವರನಿಗೆ ಸಾಕು ಸಾಕು ಎನ್ನುತ್ತಿದ್ದ.

"ಎಷ್ಟಿರಬೇಕಿತ್ತು?" ಎಂದಳು ಮಗಳು.

"ನಲವತ್ತರ ಹತ್ತಿರ."

"ಎಷ್ಟಿತ್ತು?"

"ಇಪ್ಪತ್ತೆರಡು."

"ಅಮ್ಮ ಕೇಕ್ ತಂದುಕೊಟ್ಟಿದ್ರಲ್ಲ," ಎಂದಳು ಮಗಳು, ಲೆಕ್ಕ ಹಾಕುವವಳಂತೆ. "ಆ ದಿನವಾ?"

ಗುಬ್ಬಿ ತಲೆಯಾಡಿಸಿದಳು. ಹೊಡೆದುಬಿಡಲಿ ಎಂದುಕೊಂಡಳು, ಜನರನ್ನು ಕೂಗಿ ಕರೆಯಲಿ, ಮೇಸ್ತ್ರಿ ಬರಲಿ, ಏನಾದರೂ ಆಗಲಿ. ಮಗಳು ಕೂಗಲಿಲ್ಲ. ಟಿಕೆಟ್ ಕಿಟಕಿಯಾಚೆ ನೋಡುವವಳಂತೆ ಇಬ್ಬರ ನಡುವಿನ ಖಾಲಿ ಜಾಗವನ್ನು ನೋಡುತ್ತಿದ್ದಳು. ಒಳಗಿನಿಂದ ನಾಲ್ಕು ಜನ ಅಮ್ಮನನ್ನು ಎತ್ತಿಕೊಂಡು ಹೊಸ್ತಿಲು ದಾಟುತ್ತಿದ್ದರು. ಬಾಗಿಲು ಕಿರಿದು, ಸ್ವಲ್ಪ ಓರೆ ಮಾಡಬೇಕಾಯಿತು. ಗಾಡಿಯ ಕೆಲಸ ಮುಗಿಸಿ ಬಂದ ಮೇಸ್ತ್ರಿ, ಬಾ ಮಗಳೇ, ಹೊತ್ತಾಯ್ತು ಎಂದು ಅವಳ ಪಕ್ಕದಲ್ಲಿ ನಿಂತ. ಇಲ್ಲಿ ಏನು ನಡೆದಿದೆಯೆಂದು ಅವನಿಗೆ ತಿಳಿಯದು. ಮೂವರ ಮುಖವನ್ನೂ ಸರದಿಯಂತೆ ನೋಡಿದ.

"ಇದು ಮಕ್ಕಳಿಗೂ ಬರಬಹುದು ಅಂದ್ರು ಡಾಕ್ಟರು," ಎಂದಳು ಮಗಳು.

ಅವಳು ಬಲಗೈ ಮುಂದೆ ಮಾಡಿದಳು. ಅಂಗೈ ಮೇಲಾಗಿತ್ತು, ಬೆರಳುಗಳು ಬಿಡಿಬಿಡಿಯಾಗಿದ್ದವು. ಸರ್ ಒಂದು ಹೆಜ್ಜೆ ಹಿಂದೆ ಸರಿದರು. ಗೇಟು ಬೆನ್ನಿಗೆ ತಾಗಿ ಸದ್ದಾಯಿತು. ಕೈ ಅವರಿಬ್ಬರ ನಡುವೆ ಹಾಗೇ ಇತ್ತು.

"ಸೋಮವಾರ ಬರ್ತೀನಿ. ನನ್ನದೂ ನೋಡಿ. ಏನಾದ್ರೂ ಕಂಡ್ರೆ ನನಗೆ ಹೇಳಿ."