ಹಂದಿಯ ಮುದ್ರೆ

“ಸೊಂಟದಿಂದ ಮೇಲಿರೋದು ಹೆಂಡ್ತಿಗಾದ್ರೂ ಸೇರ್ಲಿ, ದೇವ್ರಿಗಾದ್ರೂ ಸೇರ್ಲಿ. ಕೆಳಗಿನ ಎರಡು ಕಾಲು ಮಾತ್ರ ನಂದು ಕಣ್ಲಾ,” ಎಂದರು ಪ್ರೆಂಡರ್‌ಗಾಸ್ಟ್ ಧಣಿಗಳು. “ಎತ್ತು ಪ್ಯಾಂಟು. ಫಾದರ್ ನೋಡ್ಲಿ.”

ಡೊನಾ ಕ್ವಿರ್ಕ್ ಬಾಗಿ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿದ. ವಾರದ ಆರು ದಿನ ಧಣಿಗಳ ಹಂದಿಮಾಂಸದ ಕಾರ್ಖಾನೆಯ ನೆಲಮಾಳಿಗೆಯಲ್ಲಿ ಉಪ್ಪುನೀರಿನೊಳಗೆ ನಿಂತು, ಏಳನೆಯ ದಿನ ಅದೇ ಧಣಿಗಳ ಕಿಲ್‌ವಾರಾ ಟೌನ್ ಫುಟ್‌ಬಾಲ್ ತಂಡದ ಬಲ ಅಂಚಿನಲ್ಲಿ ಓಡುವ ಕಾಲುಗಳವು. ಧಣಿಗಳು ಕುರ್ಚಿಯಿಂದಲೇ ಕೈಚಾಚಿ ಮೀನಖಂಡವನ್ನು ಹಿಡಿದು ಹಿಸುಕಿದರು; ಸಂತೆಯಲ್ಲಿ ಹಂದಿಯ ತೊಡೆಯನ್ನು ಪರೀಕ್ಷಿಸುವಾಗಲೂ ಅವರು ಹೀಗೆಯೇ ಹೆಬ್ಬೆರಳನ್ನು ಒಳಕ್ಕೆ ಊರುತ್ತಿದ್ದರು.

ಪಂದ್ಯಗಳ ಋತು ಮುಗಿದ ಮೇ ತಿಂಗಳ ಮೊದಲ ವಾರವದು. ಗ್ಯಾಲರಿಯ ಕೆಳಗಿನ ಸಮಿತಿ ಕೋಣೆಯಲ್ಲಿ ನಾನು ಒಲೆಗೆ ಕಲ್ಲಿದ್ದಲು ಹಾಕುತ್ತಿದ್ದೆ. ಮೈದಾನಕ್ಕೆ ಸುಣ್ಣದ ಗೆರೆ ಎಳೆಯುವುದು, ಗೋಲಿಗೆ ಬಲೆ ಕಟ್ಟುವುದು, ಸಮಿತಿಯ ಪಾದಗಳನ್ನು ಬೆಚ್ಚಗಿಡುವುದು, ಈ ಮೂರೂ ನನ್ನ ಪಾಲಿನ ಸೇವೆಗಳು. ಕ್ಲಬ್ಬಿನ ಪೋಷಕರಾದ ಹಿರಿಯ ಪಾದ್ರಿ ಹೆಗಾರ್ಟಿಯವರು ಚಹಾದಲ್ಲಿ ಬಿಸ್ಕತ್ತು ಅದ್ದುತ್ತ ಆ ಕಾಲನ್ನು ನೋಡಿದರು.

“ಡಬ್ಲಿನ್ ಕ್ಲಬ್ಬಿನೋರು ಬಸ್ ಡಿಪೋದಾಗೆ ಕೆಲ್ಸಾನೂ ಕೊಡ್ತೀವಿ ಅಂದವ್ರೆ ಧಣಿ,” ಎಂದ ಡೊನಾ. “ಆ ಉಪ್ಪಲ್ಲಿ ಇನ್ನೊಂದು ಚಳಿಗಾಲ ನಿಂತ್ರೆ ನನ್ನ ಕೈ ಉಳಿಯಾಕಿಲ್ಲ.” ಬಿರುಕು ಬಿಟ್ಟು ರಕ್ತ ಹೆಪ್ಪುಗಟ್ಟಿದ ಬೆರಳುಗಳನ್ನು ಮುಂದೆ ಹಿಡಿದ.

“ಕೈ ಯಾರ್ಲಾ ಕೇಳಿದ್ರು? ನೀನೇನು ಗೋಲ್‌ಕೀಪರಾ? ನಿನ್ನ ಬೇಕು ಅನ್ನೋರು ಎರಡು ಸಾವಿರ ಪೌಂಡ್ ತಂದು ಮೇಜಿನ ಮೇಲಿಡ್ಲಿ. ಇಡ್ನಿಲ್ಲ ಅಂದ್ರೆ ನೀನು ನನ್ನ ಪಟ್ಟೀಲೇ ಇರ್ತೀಯ.”

“ಪಟ್ಟೀಲಿದ್ರೆ ಬೇಸಿಗೆ ತಿಂಗ್ಳಲ್ಲಿ ಆಟದ ಸಂಬಳ ಕೊಡ್ತೀರಾ?”

“ಆಡ್ದೇ ಇರೋನ್ಗೆ ಯಾವನಪ್ಪನ ಮನೇಲಿ ಸಂಬಳ ಕೊಡ್ತಾರೆ?”

“ಹಂಗಾರೆ ಬೇರೆ ಕಡೆ ಆಡ್ತೀನಿ.”

“ಆಡಂಗಿಲ್ಲ. ನಿನ್ನ ಹೆಸ್ರು ನನ್ನ ಪಟ್ಟೀಲಿರೋ ತನಕ ನೀನು ಬೀದೀಲಿ ಡಬ್ಬ ಒದೀಬೇಕು ಅಂದ್ರೂ ನನ್ನ ಕೇಳ್ಬೇಕು ಬೋಳಿಮಗ್ನೆ.”

ಪಾದ್ರಿಗಳು ಕರವಸ್ತ್ರದಿಂದ ತುಟಿಯನ್ನು ಒತ್ತಿಕೊಂಡರು. “ಮಗು, ವಿಧೇಯತೆ ದೊಡ್ಡದು. ನಮ್ಮ ಕರ್ತನನ್ನೇ ನೋಡು. ಮೂವತ್ತು ವರ್ಷ ಒಂದೇ ಊರಲ್ಲಿ ಬಡಗಿ ಕೆಲಸ ಮಾಡ್ಕೊಂಡಿದ್ದ. ಬೇರೆ ಕಡೆ ಕಳಿಸಿ ಅಂತ ಯಾರನ್ನಾದ್ರೂ ಪೀಡಿಸಿದ್ನೇ?”

ಧಣಿಗಳಿಗೆ ಈ ವ್ಯಾಖ್ಯಾನ ಬಹಳವಾಗಿ ಹಿಡಿಸಿತು. ನಗುತ್ತ ನನ್ನ ಕಡೆ ತಿರುಗಿದರು. “ಲೋರ್ಕನ್, ನನ್ನ ಚೀಲದಾಗೆ ಕಾರ್ಖಾನೆ ಮುದ್ರೆ ಐತೆ, ತಾ.”

ತಂದುಕೊಟ್ಟವನು ನಾನು. ಇದನ್ನು ಮುಚ್ಚಿಟ್ಟು ಹೇಳಿದರೆ ಉಳಿದುದೆಲ್ಲವೂ ಸುಳ್ಳಾಗುತ್ತದೆ.

ಕೊಯ್ದ ಹಂದಿಯ ಪಕ್ಕೆಯ ಮೇಲೆ ಒತ್ತುವ ದುಂಡು ಮುದ್ರೆ ಅದು, ನೇರಳೆ ಮಸಿಯದು. ಧಣಿಗಳು ಅದನ್ನು ಮಸಿಯಲ್ಲಿ ಚೆನ್ನಾಗಿ ಅದ್ದಿ, ಡೊನಾನ ಮೀನಖಂಡದ ಮೇಲಿಟ್ಟು, ಒಂದು ಕ್ಷಣ ಬಿಗಿಯಾಗಿ ಒತ್ತಿಹಿಡಿದರು. ತೆಗೆದಾಗ ‘ಕಿಲ್‌ವಾರಾ, ಒಂದನೇ ದರ್ಜೆ’ ಎಂಬ ಅಕ್ಷರಗಳು ಬಿಳಿಯ ಚರ್ಮದ ಮೇಲೆ ಸ್ಫುಟವಾಗಿ ಮೂಡಿದ್ದವು. ಪಾದ್ರಿಗಳು ನಕ್ಕ ರಭಸಕ್ಕೆ ಬಿಸ್ಕತ್ತು ಮುರಿದು ಚಹಾದಲ್ಲಿ ಮುಳುಗಿತು. ಅದಕ್ಕಾಗಿ ಅವರು ನಿಜವಾಗಿಯೂ ವ್ಯಥೆಪಟ್ಟರು.

ಡೊನಾ ಪ್ಯಾಂಟನ್ನು ಇಳಿಸಿಕೊಂಡು, ಟೋಪಿಯನ್ನು ಎತ್ತಿಕೊಂಡ. “ಬತ್ತೀನಿ ಧಣಿ,” ಎಂದ. ಅಭ್ಯಾಸದ ಮಾತು.

*

ಪಟ್ಟಿಗೆ ಒಂದು ನಿಬಂಧನೆಯಿತ್ತು. ನಿನ್ನನ್ನು ಉಳಿಸಿಕೊಂಡಿದ್ದೇವೆ ಎಂಬ ಕಾಗದವು ಮೇ ಮೂವತ್ತೊಂದರೊಳಗೆ ಆಟಗಾರನ ಕೈಸೇರಿ, ಅವನ ಸಹಿ ಲೀಗಿನ ಕಚೇರಿಗೆ ತಲುಪಬೇಕು. ತಲುಪದಿದ್ದರೆ ಅವನು ಬಿಡುಗಡೆಯಾದಂತೆ. ಉಳಿದ ಕ್ಲಬ್ಬಿನವರು ರಿಜಿಸ್ಟರ್ ಅಂಚೆಯಲ್ಲಿ ಕಳುಹಿಸುತ್ತಿದ್ದರು. ನಮ್ಮ ಧಣಿಗಳಿಗೆ ಅಂಚೆ ಕಚೇರಿಯ ಸಾಲಿನಲ್ಲಿ ನಿಲ್ಲುವುದು ಘನತೆಗೆ ಕುಂದೆನಿಸಿತ್ತು. ಅಗಸಗಿತ್ತಿ ಮ್ಯಾಗ್ ಟ್ವೋಮಿ ಒಗೆದ ಅಂಗಿ ಕಾಲುಚೀಲಗಳನ್ನು ಆಟಗಾರರ ಮನೆಗಳಿಗೆ ಹೊತ್ತೊಯ್ಯುತ್ತಾಳಲ್ಲವೇ. ಕಾಗದವೂ ಆ ಬುಟ್ಟಿಯಲ್ಲೇ ಹೋಗಲಿ ಎಂದು ಹದಿನೆಂಟು ವರ್ಷಗಳ ಹಿಂದೆ ಅಪ್ಪಣೆಯಾಗಿತ್ತು. ಮ್ಯಾಗ್ ಇದ್ದುದು ಕಾರ್ಖಾನೆಯ ಬೆನ್ನಿಗಿದ್ದ ಧಣಿಗಳ ಗುಡಿಸಲುಗಳ ಸಾಲಿನಲ್ಲಿ. ಅಂತಹವಳು ಅಂಚೆಯವನಿಗಿಂತ ನಂಬಿಕೆಗೆ ಅರ್ಹಳೆಂದು ಅವರ ಮತ.

ಮೇ ಮಧ್ಯದಲ್ಲಿ ಧಣಿಗಳು ಅವಳ ಒಗೆಯುವ ಕೊಟ್ಟಿಗೆಯ ಬಾಗಿಲಲ್ಲಿ ಮೂಗಿಗೆ ವಸ್ತ್ರವಿಟ್ಟುಕೊಂಡು ನಿಂತರು. ನಾನು ಒಳಗೆ ಅವಳ ಹಂಡೆಯ ಕಾಲಿಗೆ ಕಲ್ಲು ಕೊಡುತ್ತಿದ್ದೆ.

“ಏಯ್ ಮ್ಯಾಗ್, ಹದಿನಾಲ್ಕು ಕಾಗದ ಅವೆ. ಬಟ್ಟೆ ಜೊತೇಲಿ ಮನೆಮನೆಗೆ ಕೊಟ್ಟು ಸಹಿ ಹಾಕಿಸಿ ಲೀಗಿಗೆ ಕಳಿಸ್ಬಿಡು. ದಿನ ತಪ್ಪಿದ್ರೆ ಹದಿನಾಲ್ಕು ಜನಾನೂ ದೊಡ್ಡಿ ಬಾಗ್ಲು ತೆಗೆದಂಗೆ ನುಗ್ಗಿಬಿಡ್ತಾವೆ.”

“ಬಟ್ಟೆಗೆ ಸೋಪು ಧಣಿ?”

“ಆಟ ಮುಗೀತು, ಸೋಪು ಮುಗೀತು. ವರ್ಸಾ ವರ್ಸಾ ಇದ್ನ ಹೇಳ್ಬೇಕಾ ನಿಂಗೆ?”

“ಬಟ್ಟೆ ಜೊತೇಲೇ ಅಂದ್ರಿ, ಅಲ್ವಾ?”

“ಬಟ್ಟೆ ಜೊತೇಲಿ. ಕಿವಿಗೆ ನೊರೆ ತುಂಬ್ಕೊಂಡಿದ್ದೀಯಾ?”

ಅವಳು ಒದ್ದೆ ಕೈಯನ್ನು ಒರೆಸಿಕೊಂಡು ಕಾಗದದ ಕಟ್ಟನ್ನು ಪಡೆದಳು. ಪ್ರತಿಯೊಂದರ ಮೇಲೂ ನೀರು ತಾಕಿದರೆ ನೇರಳೆಗೆ ತಿರುಗುವ ಪೆನ್ಸಿಲ್ಲಿನ ಬರಹ. ಬರಹದ ಕೆಳಗೆ ಅದೇ ಹಂದಿಯ ಮುದ್ರೆ, ಮಸಿ ಇನ್ನೂ ಜಿಗುಟಾಗಿತ್ತು. ಕ್ಲಬ್ಬಿಗೆಂದು ಪ್ರತ್ಯೇಕ ಮುದ್ರೆಯನ್ನು ಮಾಡಿಸುವ ಅಗತ್ಯ ಧಣಿಗಳಿಗೆ ಎಂದೂ ತೋರಿರಲಿಲ್ಲ.

ಮ್ಯಾಗ್ ಕಟ್ಟನ್ನು ಹಿಟ್ಟಿನ ಡಬ್ಬಿಯಲ್ಲಿಟ್ಟು ಮುಚ್ಚಿದಳು. ಅಂಗಿಗಳು ಮೂಲೆಯಲ್ಲಿ ಋತುವಿನ ಕೊನೆಯ ಕೆಸರನ್ನು ಹೊತ್ತು ಬಿದ್ದಿದ್ದವು. ಬೇರೆ ವರ್ಷಗಳಲ್ಲಾದರೆ ಅವಳು ಅಷ್ಟರಲ್ಲಿ ತನ್ನ ಕಾಸಿನಿಂದಲೇ ಸೋಪು ತಂದು ಒಗೆಯತೊಡಗಿರುತ್ತಿದ್ದಳು.

ಎರಡು ದಿನದ ನಂತರ ಡೊನಾ ಅಲ್ಲಿಗೆ ಬಂದ. ಸುಮ್ಮನೆ ಕುಳಿತು ಕಾಲನ್ನು ಮುಂದಕ್ಕೆ ಚಾಚಿದ.

“ಮ್ಯಾಗಕ್ಕ, ಇದು ಹೋಗಕ್ಕೆ ಏನಾರ ಐತಾ? ಗೊಬ್ನೆಟ್ ಸೀಮೆಎಣ್ಣೆ ಹಾಕಿ ಉಜ್ಜಿದ್ಲು. ಆಮೇಲೆ ಆ ಕಡೆ ತಿರುಕ್ಕೊಂಡು ಅತ್ಲು. ಮದ್ವೆಯಾದ ಎಂಟು ವರ್ಸದಾಗೆ ಅವ್ಳು ಅತ್ತಿದ್ದು ನಾನು ನೋಡಿರ್ನಿಲ್ಲ.”

ಮ್ಯಾಗ್ ಆ ಅಕ್ಷರಗಳನ್ನು ನಿಧಾನವಾಗಿ ಓದಿದಳು. ನನ್ನ ಕಡೆಗೊಮ್ಮೆ ನೋಡಿದಳು. ಮುದ್ರೆ ತಂದುಕೊಟ್ಟವರು ಯಾರೆಂಬುದು ಅವಳಿಗೆ ತಿಳಿದಿತ್ತು. ಗೂಡಿನಿಂದ ತನ್ನ ಸವೆದ ಸೋಪಿನ ತುಂಡನ್ನು ತೆಗೆದು, ನೆಲದ ಮೇಲೆ ಕುಳಿತು, ಅವನ ಕಾಲನ್ನು ಮಡಿಲಿಗೆಳೆದುಕೊಂಡು ತಿಕ್ಕಿದಳು. ಸೋಪು ಕರಗಿಹೋಯಿತು. ಚರ್ಮ ಕೆಂಪಾಯಿತು. ಮುದ್ರೆ ಮಾತ್ರ ಇದ್ದ ಹಾಗೆಯೇ ಇತ್ತು.

“ಇದು ಪಕ್ಕೆ ಬೇಯೋ ತನ್ಕ ಹೋಗದ ಮಸಿ,” ಎಂದಳು. “ಪಾದ್ರಿ ಏನಂದ್ರು?”

“ಕರ್ತ ಮೂವತ್ತು ವರ್ಸ ಒಂದೇ ಊರಾಗಿದ್ದ ಅಂದ್ರು.”

“ಆಯಪ್ಪನ್ಗೆ ಮೊಳೆ ಹೊಡ್ದ್ರು. ಮುದ್ರೆ ಒತ್ನಿಲ್ಲ.” ಅವಳು ಶಿಲುಬೆಯ ಗುರುತು ಮಾಡಿಕೊಂಡು ಎದ್ದಳು.

ಡೊನಾ ಡಬ್ಬಿಯ ಕಡೆ ನೋಡಿದ. “ಕಾಗದದಾಗೆ ನಂದೂ ಐತಾ?”

“ಐತೆ.”

“ಕೊಡಕ್ಕ, ಸಹಿ ಹಾಕ್ತೀನಿ. ಇಲ್ದಿದ್ರೆ ನಿನ್ನ ಮನೆ ಹೋಯ್ತದೆ. ನನ್ನಿಂದ ಹಂಗಾಗೋದು ಬ್ಯಾಡ.”

“ಬಟ್ಟೆ ಜೊತೇಲಿ ಕೊಡು ಅಂದವ್ನೆ. ಬಟ್ಟೆ ಎಲ್ಲಿ?”

“ಅಲ್ಲೇ ಅವಲ್ಲ ಮೂಲೇಲಿ.”

“ಒಗೆದಿದ್ದೀನಾ?”

“ಇಲ್ಲ. ಯಾಕೆ?”

“ಸೋಪೆಲ್ಲಿ? ಇದ್ದದ್ದು ನಿನ್ನ ಕಾಲಿಗಾಯ್ತು.” ಅವಳು ಅವನ ಟೋಪಿಯನ್ನು ಕೈಗಿತ್ತಳು. “ಹೋಗು. ಈ ತಿಂಗ್ಳು ಮುಗಿಯೋ ತನ್ಕ ಈ ಕೊಟ್ಟಿಗೆ ಕಡೆ ಮುಖ ತೋರಿಸ್ಬ್ಯಾಡ. ಗೊಬ್ನೆಟ್‌ಗೂ ಹೇಳು.”

*

ಜೂನ್ ಒಂದರ ಬೆಳಿಗ್ಗೆ ಡೊನಾ ಮತ್ತು ಗೊಬ್ನೆಟ್ ಒಂದು ಪೆಟ್ಟಿಗೆಯೊಡನೆ ಡಬ್ಲಿನ್ ಬಸ್ಸು ಹತ್ತಿದರು. ಮಾರನೆಯ ದಿನ ಲೀಗಿನ ಕಚೇರಿಯಿಂದ ಧಣಿಗಳಿಗೆ ದೂರವಾಣಿ ಬಂತು. ನಿಮ್ಮ ಪಟ್ಟಿ ತಲುಪಿದೆ, ಸಹಿಗಳು ಒಂದೂ ತಲುಪಿಲ್ಲ. ಆದಕಾರಣ ಹದಿನಾಲ್ಕು ಜನರೂ ಮುಕ್ತರು. ಕ್ವಿರ್ಕ್ ಎಂಬಾತ ಈಗಾಗಲೇ ಬೇರೆಡೆ ಹೆಸರು ನೋಂದಾಯಿಸಿದ್ದಾನೆ.

ಮ್ಯಾಗ್‌ಳನ್ನು ಸಮಿತಿ ಕೋಣೆಗೆ ಕರೆತರಲಾಯಿತು. ಅವಳನ್ನು ಕೂರಿಸಲಿಲ್ಲ. ಆ ದಿನ ನಾನು ಒಲೆಯನ್ನು ಹೊತ್ತಿಸಿರಲಿಲ್ಲ. ಯಾರೂ ಗಮನಿಸಲೂ ಇಲ್ಲ.

“ಕಾಗದ ಎಲ್ಲೇ?”

“ಹಿಟ್ಟಿನ ಡಬ್ಬೀಲಿ ಧಣಿ.”

“ಕೊಡ್ನಿಲ್ವಾ?”

“ಬಟ್ಟೆ ಜೊತೇಲಿ ಅಂದ್ರಿ. ಸೋಪು ಕೊಡ್ನಿಲ್ಲ. ಬಟ್ಟೆ ಒಗೀನಿಲ್ಲ. ಒಗೆದ ತಕ್ಷಣ ಜೊತೇಲೇ ಕೊಡಾನ ಅಂತ ಇಟ್ಕೊಂಡಿವ್ನಿ.”

ಧಣಿಗಳ ಬೋಳುತಲೆ ಕ್ರಮೇಣ ಬೇಯಿಸಿದ ಹಂದಿಯ ಬಣ್ಣಕ್ಕೆ ತಿರುಗಿತು. “ಹದಿನೆಂಟು ವರ್ಸ ಎಲ್ಲಿಂದ ಬತ್ತಿತ್ತೇ ಸೋಪು?”

“ನೀವು ಕೇಳಿರ್ನಿಲ್ಲ, ನಾನು ಹೇಳಿರ್ನಿಲ್ಲ.”

ಪಾದ್ರಿಗಳು ಮುಂದಕ್ಕೆ ಬಾಗಿದರು. “ಮಗಳೇ, ಮರೆತಿದ್ದೆ ಅಂತ ನಮ್ಮ ಮುಂದೆ ಒಪ್ಕೋ. ಲೀಗಿಗೆ ಮಾತ್ರ ಆಣೆ ಮಾಡಿ ಬರ್ಕೊಡು, ಮೇ ತಿಂಗಳಲ್ಲೇ ಕೊಟ್ಟೆ, ಸಹಿ ಹಾಕಿದ ಕಾಗದ ಕಳೆದುಹೋಯ್ತು ಅಂತ. ಇಂಥದ್ದು ಪಾಪಕ್ಕೆ ಬರೋದಿಲ್ಲ, ನಾನಿದ್ದೀನಿ.”

“ಸುಳ್ಳು ಆಣೆ ಬ್ಯಾಡ ಅಂತ ನಂಗೆ ಕಲಿಸಿಕೊಟ್ಟೋರೂ ನೀವೇ ಫಾದರ್. ನಂಗಾಗ ಏಳು ವರ್ಸ.”

ಪಾದ್ರಿಗಳು ಕಿಟಕಿಯ ಹೊರಗೆ ನೋಡತೊಡಗಿದರು. ಅಲ್ಲಿ ಧಣಿಗಳ ಕುರಿಗಳು ನಮ್ಮ ಮೈದಾನವನ್ನು ಮೇಯುತ್ತಿದ್ದವು.

“ಗುರುವಾರ ಮಧ್ಯಾಹ್ನಕ್ಕೆ ಮನೆ ಖಾಲಿ ಮಾಡು,” ಎಂದರು ಧಣಿಗಳು. “ಅದ್ಕೆ ಮುಂಚೆ ಮೆರವಣಿಗೆಗೆ ಹನ್ನೊಂದು ಅಂಗಿ ಬೆಳ್ಳಗೆ ಒಗ್ದು ಕೊಟ್ಟು ಹೋಗು. ಲೋರ್ಕನ್, ಇವ್ಳಿಗೆ ಸೋಪು ಕೊಡ್ಸು. ಬೇಕಾದಷ್ಟು ಕೊಡ್ಸು.”

“ಕಾಗದ ಏನ್ ಮಾಡ್ಲಿ ಧಣಿ?”

“ನಿನ್ನ ಹಂಡೇಗೆ ಹಾಕಿ ಕುದಿಸ್ಕೊಂಡು ಕುಡಿ, ಮುದಿ ಮುಂಡೆ.”

“ಆಗ್ಲಿ,” ಎಂದಳು ಮ್ಯಾಗ್.

*

ಪರಮಪ್ರಸಾದದ ಮೆರವಣಿಗೆಯ ಗುರುವಾರ ನಮ್ಮ ಊರಿನ ಬೀದಿಗಳ ಅಡ್ಡಕ್ಕೆ ಹಗ್ಗ ಕಟ್ಟಿ ಬಾವುಟ ತೂಗುಹಾಕುವುದು ಹಿಂದಿನಿಂದ ನಡೆದುಬಂದ ಆಚಾರ. ಪಾದ್ರಿ ಎತ್ತಿಹಿಡಿದ ಪವಿತ್ರ ರೊಟ್ಟಿಗೆ ನೆರಳಾಗಿ ನಾಲ್ಕು ಕಂಬಗಳ ಮೇಲೆ ಹೊರುವ ಮೇಲ್ಕಟ್ಟಿನ ಹಿಂದೆ ತಂಡದ ಹನ್ನೊಂದು ಜನ ಕ್ಲಬ್ಬಿನ ಬಿಳಿ ಅಂಗಿ ತೊಟ್ಟು ನಡೆಯುವುದೂ ಆಚಾರವೇ. ಬೆಳಗಿನ ಪೂಜೆಗೆ ಘಂಟೆಯಾಗುವ ಹೊತ್ತಿಗೆ ಮ್ಯಾಗ್ ಹಂಡೆಗೆ ಅಂಗಿಗಳನ್ನು ಹಾಕಿದಳು. ಹದಿನಾಲ್ಕು ಕಾಗದಗಳನ್ನು ಒಂದೊಂದಾಗಿ ಹೆಸರು ಓದಿ ಹಾಕಿದಳು. ಸೋಪನ್ನು ಮಾತ್ರ ಹಾಗೆಯೇ ಇಟ್ಟಳು.

“ಲೋರ್ಕನ್, ಗೋಲಿಗೆ ಬಲೆ ಕಟ್ಟೋ ಏಣಿ ಐತಲ್ಲ,” ಎಂದಳು. “ತತ್ತೀಯಾ?”

ತಂದುಕೊಟ್ಟವನು ನಾನು.

ಮೆರವಣಿಗೆ ಕಾರ್ಖಾನೆಯ ಬೀದಿಗೆ ತಿರುಗಿದಾಗ ಧಣಿಗಳ ಇಬ್ಬರು ಆಳುಗಳು ಮ್ಯಾಗ್‌ಳ ಮಂಚವನ್ನು ಅರ್ಧ ಹೊರಗೆ ತಂದಿದ್ದರು. ಕುರ್ಚಿ, ತಟ್ಟೆಗಳು, ಮರಿಯಮ್ಮನವರ ಪಟ ಕಲ್ಲುಹಾಸಿನ ಮೇಲಿದ್ದವು. ಮುಕ್ತರಾದ ಆಟಗಾರರಲ್ಲಿ ಊರಲ್ಲುಳಿದವರು ಮಾಮೂಲಿ ಕೋಟು ತೊಟ್ಟು, ಜೇಬಿನಲ್ಲಿ ಕೈಯಿಟ್ಟು ಗೋಡೆಗೊರಗಿದ್ದರು. ಮೇಲ್ಕಟ್ಟಿನ ಹಿಂದಿನ ಸ್ಥಳ ಬರಿದಾಗಿತ್ತು. ಬೀದಿಯ ಅಡ್ಡಕ್ಕೆ, ಹಳದಿ ಬಿಳಿ ಬಾವುಟಗಳ ನಡುವೆ, ಹನ್ನೊಂದು ಅಂಗಿಗಳು ತೂಗುತ್ತಿದ್ದವು. ಹಿಂಡದೆ, ಜಾಲಿಸದೆ, ಹಂಡೆಯಿಂದ ಎತ್ತಿ ನೇರವಾಗಿ ಹಾಕಿದ ಅಂಗಿಗಳು. ಅಡಿಯಿಂದ ಮುಡಿಯವರೆಗೆ ನೇರಳೆ.

ಪರಮಪ್ರಸಾದವನ್ನು ಎರಡೂ ಕೈಯಲ್ಲಿ ಎತ್ತಿಹಿಡಿದ ಪಾದ್ರಿ ನಡುವೆ ನಿಲ್ಲುವಂತಿಲ್ಲ, ತಲೆಯೆತ್ತುವಂತಿಲ್ಲ. ಮೇಲ್ಕಟ್ಟಿನ ಮುಂದಿನ ಎಡಗಂಬವನ್ನು ಹಿಡಿದ ಧಣಿಗಳೂ ಅದನ್ನು ಬಿಡುವಂತಿಲ್ಲ. ಅವರು ಅಂಗಿಗಳನ್ನು ದೂರದಿಂದಲೇ ಕಂಡರು. ಒಂದೊಂದು ಹೆಜ್ಜೆಯಾಗಿ ಅವುಗಳ ಕೆಳಕ್ಕೆ ಬಂದರು.

ಮ್ಯಾಗ್ ತನ್ನ ಮಂಚದ ಪಕ್ಕದಲ್ಲಿ ಮೊಣಕಾಲೂರಿ, ತಲೆಗೆ ವಸ್ತ್ರವೆಳೆದುಕೊಂಡು, ಕೈಮುಗಿದಳು. ಗೋಡೆಗೊರಗಿದವರೂ, ಮಂಚ ಹೊತ್ತಿದ್ದ ಆಳುಗಳೂ, ನಾನೂ ಮೊಣಕಾಲೂರಿದೆವು. ಸಣ್ಣ ಗಂಟೆ ಮೂರು ಸಾರಿ ನುಡಿಯಿತು.

ಮೊದಲ ಹನಿ ಬಿಳಿ ರೇಷ್ಮೆಯ ಮೇಲ್ಕಟ್ಟಿನ ಮೇಲೆ ಬಿತ್ತು. ಎರಡನೆಯದು ಧಣಿಗಳ ಬರಿದಲೆಯ ನಟ್ಟನಡುವೆ ಬಿದ್ದು, ಹಣೆಗಿಳಿದು, ಮೂಗಿನ ಪಕ್ಕದಿಂದ ಹರಿದು, ಗಂಜಿ ಹಾಕಿದ ಕಾಲರಿನಲ್ಲಿ ಇಂಗಿತು. ಅದರ ಹಿಂದೆಯೇ ಮತ್ತೊಂದು. ಒರೆಸಿಕೊಳ್ಳಲು ಅವರಿಗೆ ಕೈಯಿರಲಿಲ್ಲ.

“ಒಂದನೇ ದರ್ಜೆ,” ಎಂದಿತು ಮೊಣಕಾಲೂರಿದವರ ಸಾಲಿನಿಂದ ಒಂದು ದನಿ, ಜಪ ಮಾಡುವಷ್ಟೇ ಮೆಲ್ಲಗೆ.

ಮೆರವಣಿಗೆ ತಿರುವನ್ನು ದಾಟಿತು. ಆಳುಗಳು ಎದ್ದು ಮೊಣಕಾಲಿನ ಧೂಳು ಕೊಡವಿಕೊಂಡು, ಮಂಚವನ್ನು ಬೀದಿಗಿಳಿಸಿ, ಹಂಡೆಯ ಕಡೆಗೆ ನಡೆದರು.

“ಹುಷಾರು ಕಣ್ರಪ್ಪಾ,” ಎಂದಳು ಮ್ಯಾಗ್, “ಇನ್ನೂ ಬಿಸಿ ಐತೆ.”